ಅಸ್ತಮಾ ಹತೋಟಿ: ಇನ್ಹೇಲರ್‌ನಿಂದ ಮಲಗುವ ಕೋಣೆಯವರೆಗೆ

ಅಸ್ತಮಾ ಇರುವವರಲ್ಲಿ ಎರಡು ಬಗೆಯ ತಪ್ಪು ತಿಳಿವಳಿಕೆ ಕಾಣಸಿಗುತ್ತದೆ. ಕೈಯಲ್ಲಿ ಇನ್ಹೇಲರ್ ಇದೆಯಲ್ಲ, ಸುತ್ತಲಿನ ಗಾಳಿ ಹೇಗಿದ್ದರೇನು ಎನ್ನುವುದು ಒಂದು. ಧೂಳು, ಹೊಗೆಯಿಂದ ದೂರ ಇದ್ದರೆ ಸಾಕು, ದಿನಾ ಔಷಧ ಏಕೆ ಎನ್ನುವುದು ಇನ್ನೊಂದು. ಎರಡನೆಯದು ಹೆಚ್ಚು ಅಪಾಯಕಾರಿ.

ಅಸ್ತಮಾ ಎಂದರೆ ಶ್ವಾಸನಾಳಗಳ ಒಳಪದರ ಊದಿಕೊಂಡಿರುವ ಸ್ಥಿತಿ. ಉಬ್ಬಸ ಬಾರದ ದಿನಗಳಲ್ಲೂ ಆ ಊತ ಒಳಗೊಳಗೇ ಇರಬಹುದು. ಅಂಥ ನಾಳಕ್ಕೆ ಹೊಗೆಯೋ ಪರಾಗವೋ ತಣ್ಣನೆಯ ಗಾಳಿಯೋ ತಾಗಿದರೆ ಸುತ್ತಲಿನ ಸ್ನಾಯು ಬಿಗಿದುಕೊಳ್ಳುತ್ತದೆ, ಕಫ ತುಂಬುತ್ತದೆ, ಉಸಿರು ಬಿಡುವಾಗ ಸುಂಯ್ ಎಂಬ ಸದ್ದು ಏಳುತ್ತದೆ. ಆದ್ದರಿಂದ ಮೊದಲು ಊತ ಇಳಿಸಬೇಕು, ಜೊತೆಗೆ ಕೆರಳಿಸುವ ವಸ್ತುವನ್ನು ದೂರ ಇಡಬೇಕು.

ಹೆಜ್ಜೆ 1: ಔಷಧ ಎದೆಗೆ ಇಳಿಯುತ್ತಿದೆಯೇ ನೋಡಿ

ಇನ್ಹೇಲರ್‌ಗಳಲ್ಲಿ ಎರಡು ಬಗೆ. ಸಾಲ್ಬುಟಮಾಲ್‌ನಂಥದ್ದು ಬಿಗಿದ ಸ್ನಾಯುವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ, ಆದರೆ ಊತವನ್ನು ಮುಟ್ಟುವುದಿಲ್ಲ. ಊತ ಇಳಿಸುವುದು ಬುಡೆಸೊನೈಡ್, ಬೆಕ್ಲೊಮೆಥಸೋನ್, ಫ್ಲುಟಿಕಸೋನ್‌ನಂಥ ಸ್ಟಿರಾಯ್ಡ್ ಇನ್ಹೇಲರ್. ಬರೀ ಸಾಲ್ಬುಟಮಾಲ್ ನಂಬಿಕೊಂಡು ವರ್ಷಗಟ್ಟಲೆ ಕಳೆಯುವುದು ಸರಿಯಲ್ಲ ಎಂದು ಅಸ್ತಮಾ ಚಿಕಿತ್ಸೆಗೆ ಜಾಗತಿಕ ಮಾರ್ಗಸೂಚಿ ರೂಪಿಸುವ ‘ಜಿನಾ’ 2019ರಲ್ಲಿ ಸ್ಪಷ್ಟವಾಗಿಯೇ ಹೇಳಿತು. ವಯಸ್ಕರಿಗೂ ಹದಿಹರೆಯದವರಿಗೂ ಸ್ಟಿರಾಯ್ಡ್ ಅಂಶ ಇರುವ ಇನ್ಹೇಲರ್ ಬೇಕೇ ಬೇಕು ಎಂಬುದು ಅದರ ನಿಲುವು.

ಸ್ಟಿರಾಯ್ಡ್ ಎಂದೊಡನೆ ಅನೇಕರು ಹೆದರುತ್ತಾರೆ. ಒಂದು ಲೆಕ್ಕ ನೋಡಿ. ಇನ್ಹೇಲರ್‌ನ ಒಂದು ಪಫ್‌ನಲ್ಲಿ ಸಾಮಾನ್ಯವಾಗಿ 100 ಅಥವಾ 200 ಮೈಕ್ರೋಗ್ರಾಂ ಔಷಧ ಇರುತ್ತದೆ. ಉಬ್ಬಸ ಉಲ್ಬಣಿಸಿ ಆಸ್ಪತ್ರೆ ಸೇರಿದಾಗ ಕೊಡುವ ಪ್ರೆಡ್ನಿಸೊಲೋನ್ ಮಾತ್ರೆಯ ಪ್ರಮಾಣ ದಿನಕ್ಕೆ 40 ಮಿಲಿಗ್ರಾಂ, ಅಂದರೆ 40,000 ಮೈಕ್ರೋಗ್ರಾಂ ಆಗಬಹುದು, ಅದೂ ರಕ್ತದ ಮೂಲಕ ಇಡೀ ಮೈಗೆ ಹರಡುತ್ತದೆ. ಚಿಕ್ಕ ಪ್ರಮಾಣವನ್ನು ನೇರ ಎದೆಗೆ ಕೊಡುವುದು ಈ ದೊಡ್ಡ ಪ್ರಮಾಣ ತಪ್ಪಿಸಲಿಕ್ಕೇ.

ಇನ್ನು ತೆಗೆದುಕೊಳ್ಳುವ ರೀತಿ. ಒತ್ತಿದರೆ ಬುಸ್ಸೆಂದು ಚಿಮ್ಮುವ ಇನ್ಹೇಲರ್ ಆದರೆ ಚೆನ್ನಾಗಿ ಕುಲುಕಿ. ಉಸಿರನ್ನು ಪೂರ್ತಿ ಹೊರಬಿಡಿ. ತುಟಿಗಳನ್ನು ಭದ್ರವಾಗಿ ಮುಚ್ಚಿ, ನಿಧಾನವಾಗಿ ಒಳಗೆಳೆಯಲು ಶುರುಮಾಡಿದ ಕ್ಷಣದಲ್ಲೇ ಒತ್ತಿ, ಎಳೆಯುತ್ತಲೇ ಹೋಗಿ. 10 ಸೆಕೆಂಡ್ ಉಸಿರು ಹಿಡಿಯಿರಿ. ಕನ್ನಡಿ ಮುಂದೆ ನಿಂತು ಒಮ್ಮೆ ಮಾಡಿ ನೋಡಿ: ಬಾಯಿಯ ಅಂಚಿನಿಂದಲೋ ಮೂಗಿನಿಂದಲೋ ಬಿಳಿ ಮಂಜು ಹೊರಗೆ ಬಂದರೆ ಆ ಪಫ್ ವ್ಯರ್ಥವಾಯಿತೆಂದೇ ಅರ್ಥ. ಉಸಿರೂ ಬೆರಳೂ ಹೊಂದಿಕೆಯಾಗದವರಿಗೆ ಸ್ಪೇಸರ್ ಇದೆ, ಅಂದರೆ ಚಿಮ್ಮಿದ ಔಷಧವನ್ನು ಹಿಡಿದಿಟ್ಟು ನಿಧಾನವಾಗಿ ಎಳೆದುಕೊಳ್ಳಲು ಇನ್ಹೇಲರ್‌ಗೆ ಜೋಡಿಸುವ ಕೊಳವೆ. ಮಕ್ಕಳಿಗಂತೂ ಅದು ಇರಲೇಬೇಕು. ಪುಡಿ ಇನ್ಹೇಲರ್‌ನ ರೀತಿ ಇದಕ್ಕೆ ತದ್ವಿರುದ್ಧ. ಅಲ್ಲಿ ರಭಸವಾಗಿ, ಆಳವಾಗಿ ಎಳೆಯಬೇಕು, ಉಪಕರಣದೊಳಕ್ಕೆ ಮಾತ್ರ ಊದಬಾರದು. ಸ್ಟಿರಾಯ್ಡ್ ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ, ಇಲ್ಲದಿದ್ದರೆ ನಾಲಿಗೆ, ಗಂಟಲಲ್ಲಿ ಶಿಲೀಂಧ್ರದ ಬಿಳಿ ಮಚ್ಚೆಗಳು ಏಳಬಹುದು.

ಔಷಧ ನಾಟುತ್ತಿಲ್ಲ ಎಂದು ಹೇಳುವ ಮುನ್ನ, ಪ್ರಮಾಣ ಏರಿಸುವ ಮುನ್ನ, ವೈದ್ಯರ ಎದುರೇ ಒಂದು ಸಲ ಇನ್ಹೇಲರ್ ತೆಗೆದುಕೊಂಡು ತೋರಿಸಿ.

ಹೆಜ್ಜೆ 2: ನಿಮ್ಮನ್ನು ಕೆರಳಿಸುವುದು ಯಾವುದು?

ಎಲ್ಲರನ್ನೂ ಕೆರಳಿಸುವುದು ಒಂದೇ ವಸ್ತುವಲ್ಲ. ಒಬ್ಬರಿಗೆ ಬೆಕ್ಕು, ಒಬ್ಬರಿಗೆ ಬೂಷ್ಟು, ಮತ್ತೊಬ್ಬರಿಗೆ ನೆಗಡಿಯ ವೈರಾಣು. ಕಾರಣ ಹುಡುಕದೆ ಇಡೀ ಮನೆಯನ್ನು ಉಜ್ಜುತ್ತಾ ಕೂತರೆ ಸುಸ್ತಾಗುವುದಷ್ಟೇ. ಎರಡು ಮೂರು ವಾರ ಒಂದು ಪುಸ್ತಕದಲ್ಲಿ ಬರೆದಿಡಿ: ಯಾವ ಹೊತ್ತಿಗೆ ಕೆಮ್ಮು ಬಂತು, ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ, ಶಮನದ ಇನ್ಹೇಲರ್ (ಸಾಲ್ಬುಟಮಾಲ್‌ನಂತೆ ತಕ್ಷಣ ಉಪಶಮನ ಕೊಡುವುದು) ಎಷ್ಟು ಸಲ ಬೇಕಾಯಿತು. ಉಸಿರು ಎಷ್ಟು ವೇಗವಾಗಿ ಹೊರಬರುತ್ತದೆ ಎಂದು ಅಳೆಯುವ ಪೀಕ್ ಫ್ಲೋ ಮೀಟರ್ ಇದ್ದರೆ ಬೆಳಿಗ್ಗೆ, ಸಂಜೆ ಮೂರು ಸಲ ಊದಿ, ಅತಿ ಹೆಚ್ಚಿನ ಅಂಕಿ ಬರೆದುಕೊಳ್ಳಿ. ಆರೋಗ್ಯ ಚೆನ್ನಾಗಿದ್ದಾಗಿನ ನಿಮ್ಮದೇ ಗರಿಷ್ಠ ಅಂಕಿಯ ಶೇ 80ಕ್ಕಿಂತ ಕೆಳಗಿಳಿದರೆ ಎಚ್ಚರಿಕೆ, ಶೇ 50ಕ್ಕಿಂತ ಕೆಳಗಿಳಿದರೆ ತುರ್ತು.

ಬರೆಯುತ್ತಾ ಹೋದಂತೆ ಜಾಡು ಸಿಗುತ್ತದೆ. ಹಾಸಿಗೆ ಕೊಡವಿದಾಗ ಅಥವಾ ಬೆಳಗಿನ ಜಾವ ಹೆಚ್ಚಾದರೆ ಧೂಳುಹುಳದ ಮೇಲೆ ಅನುಮಾನ. ರಜೆಯಲ್ಲಿ ಆರಾಮಾಗಿದ್ದು ಕೆಲಸಕ್ಕೆ ಮರಳಿದೊಡನೆ ಉಬ್ಬಸ ಶುರುವಾದರೆ ಕೆಲಸದ ಜಾಗದ ಮೇಲೆ. ಹಿಟ್ಟಿನ ಪುಡಿ, ಮರದ ಹೊಟ್ಟು, ಸ್ಪ್ರೇ ಬಣ್ಣದಲ್ಲಿನ ಐಸೊಸೈನೇಟ್ ಎಂಬ ರಾಸಾಯನಿಕ ಇವೆಲ್ಲ ಅಸ್ತಮಾವನ್ನು ಹೊಸದಾಗಿಯೇ ಹುಟ್ಟಿಸಬಲ್ಲವು. ಆಸ್ಪಿರಿನ್ ತರಹದ ನೋವಿನ ಮಾತ್ರೆಗಳು, ರಕ್ತದೊತ್ತಡ, ಹೃದಯದ ತೊಂದರೆಗೆ ಕೊಡುವ ಪ್ರೊಪ್ರನಲಾಲ್‌ನಂಥ ಬೀಟಾ ಬ್ಲಾಕರ್‌ಗಳು ಕೆಲವರಿಗೆ ಆಗಿಬರುವುದಿಲ್ಲ, ಅದನ್ನೂ ಬರೆದಿಡಿ. ಅಲರ್ಜಿ ಪರೀಕ್ಷೆ ಉಪಯುಕ್ತವೇ, ಆದರೆ ಪರೀಕ್ಷೆಯಲ್ಲಿ ಪಾಸಿಟಿವ್ ಬಂದದ್ದೆಲ್ಲ ಉಬ್ಬಸ ತರಿಸುತ್ತದೆ ಎಂದಲ್ಲ. ನಿಮ್ಮ ಪುಸ್ತಕದ ಜೊತೆ ತಾಳೆಯಾಗಬೇಕು.

ಹೆಜ್ಜೆ 3: ಮಲಗುವ ಕೋಣೆಯಿಂದ ಆರಂಭಿಸಿ

ದಿನದ ಮೂರನೇ ಒಂದು ಭಾಗ ನಾವು ಮೂಗು ಒತ್ತಿ ಮಲಗುವುದು ದಿಂಬಿನ ಮೇಲೆ. ಧೂಳುಹುಳ ವಾಸ ಮಾಡುವುದೂ ಅಲ್ಲೇ. ಮಿಲಿಮೀಟರ್‌ನ ಮೂರನೇ ಒಂದು ಭಾಗದಷ್ಟೂ ಉದ್ದವಿಲ್ಲದ, ಬರಿಗಣ್ಣಿಗೆ ಕಾಣದ ಈ ಜೀವಿ ನಮ್ಮ ಚರ್ಮದಿಂದ ಉದುರುವ ಹೊಟ್ಟು ತಿಂದು ಬದುಕುತ್ತದೆ. ಅಲರ್ಜಿಗೆ ಮುಖ್ಯ ಕಾರಣ ಅದರ ಹಿಕ್ಕೆ. ನೀರು ಕುಡಿಯದೆ ಗಾಳಿಯ ತೇವವನ್ನೇ ಹೀರಿಕೊಳ್ಳುವುದರಿಂದ ಕೋಣೆಯ ಆರ್ದ್ರತೆ ಶೇ 50ಕ್ಕಿಂತ ಕೆಳಗಿದ್ದರೆ ಅದಕ್ಕೆ ಉಳಿಗಾಲವಿಲ್ಲ.

ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆಯಿರಿ. ತಣ್ಣೀರಿಗೆ ಹುಳ ಸಾಯುವುದಿಲ್ಲ. ರತ್ನಗಂಬಳಿ, ದಪ್ಪ ಪರದೆ, ಮೃದು ಗೊಂಬೆಗಳನ್ನು ಕೋಣೆಯಿಂದ ಆಚೆ ಇಡಿ. ಒಣ ಪೊರಕೆ ಬೇಡ, ಒದ್ದೆ ಬಟ್ಟೆ ಸಾಕು. ಆ ಹೊತ್ತು ರೋಗಿ ಬೇರೆ ಕೋಣೆಯಲ್ಲಿರಲಿ. ಅಲರ್ಜಿ ತಡೆಯುವ ಹಾಸಿಗೆ ಕವಚ ಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ಜಾಹೀರಾತುಗಳು ಹೇಳುತ್ತವೆ. 2003ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಕವಚ ಮಾತ್ರ ಬಳಸಿದ ವಯಸ್ಕರಿಗೆ ಪ್ರಯೋಜನ ಕಂಡುಬರಲಿಲ್ಲ. ಹಲವು ಕ್ರಮಗಳು ಒಟ್ಟಾದಾಗಲೇ ಫಲ.

ಕಪಾಟನ್ನು ಗೋಡೆಯಿಂದ ಒಂದಡಿ ಸರಿಸಿ, ಟಾರ್ಚ್ ಹಿಡಿದು ಹಿಂದೆ ನೋಡಿ. ಕಪ್ಪು, ಹಸಿರು ಚುಕ್ಕೆಗಳಿದ್ದು ಮುಗ್ಗಲು ವಾಸನೆ ಬಂದರೆ ಅದು ಬೂಷ್ಟು. ಬಣ್ಣ ಬಳಿದು ಮುಚ್ಚಿದರೆ ತಿಂಗಳಲ್ಲೇ ಮತ್ತೆ ಮೇಲೆದ್ದು ಬರುತ್ತದೆ. ಮೊದಲು ನೀರು ಸೋರುವ ಜಾಗ ದುರಸ್ತಿಯಾಗಬೇಕು. ಬೆಕ್ಕಿನ ಅಲರ್ಜಿಯಂತೂ ಹಟಮಾರಿ, ಬೆಕ್ಕು ಮನೆಬಿಟ್ಟ ಮೇಲೂ ತಿಂಗಳುಗಟ್ಟಲೆ ಉಳಿದಿರುತ್ತದೆ. ಜಿರಳೆಗೆ ಸ್ಪ್ರೇ ಹೊಡೆಯುವ ಬದಲು ಆಹಾರ, ನೀರು ಸಿಗದಂತೆ ಮಾಡಿ. ಸ್ಪ್ರೇಯೇ ಉಬ್ಬಸಕ್ಕೆ ನೆಪವಾದೀತು.

ಸಿಗರೇಟಿನ ವಿಷಯದಲ್ಲಿ ರಾಜಿ ಬೇಡ. ಕಿಟಕಿ ಪಕ್ಕ ನಿಂತು ಸೇದಿದರೂ ಹೊಗೆ ಒಳಗೆ ಬರುತ್ತದೆ. ಸೇದುವವರಿಗೆ ಸ್ಟಿರಾಯ್ಡ್ ಇನ್ಹೇಲರ್ ಸಹ ಕಡಿಮೆ ನಾಟುತ್ತದೆ. ಸೂಕ್ಷ್ಮ ಕಣ ಹಿಡಿಯುವ ಹೆಪಾ ಫಿಲ್ಟರ್‌ನ ಏರ್ ಪ್ಯೂರಿಫೈಯರ್ ಹೊಗೆಯ ಕಣಕ್ಕೆ ಪ್ರಯೋಜನಕಾರಿ, ಹಾಸಿಗೆಯೊಳಗಿನ ಹುಳಕ್ಕಲ್ಲ. ಓಝೋನ್ ಬಿಡುವ ಯಂತ್ರ ಮಾತ್ರ ಖಂಡಿತ ಬೇಡ, ಓಝೋನ್ ಶ್ವಾಸನಾಳವನ್ನೇ ಕೆರಳಿಸುತ್ತದೆ.

ಹೆಜ್ಜೆ 4: ಹೊರಗಿನ ಗಾಳಿ

ಇದು ಒಬ್ಬರ ಕೈಯಲ್ಲಿ ಇಲ್ಲ. ಲಂಡನ್ನಿನಲ್ಲಿ 2013ರಲ್ಲಿ ಅಸ್ತಮಾದಿಂದ ಒಂಬತ್ತು ವರ್ಷದ ಬಾಲಕಿಯೊಬ್ಬಳು ತೀರಿಕೊಂಡಳು. ಆಕೆಯ ಸಾವಿಗೆ ವಾಯುಮಾಲಿನ್ಯವೂ ಕಾರಣ ಎಂದು 2020ರ ಡಿಸೆಂಬರ್‌ನಲ್ಲಿ ವಿಚಾರಣಾಧಿಕಾರಿ ದಾಖಲಿಸಿದರು. ಮಗುವೊಂದು ಉಸಿರಾಡುವ ಗಾಳಿ ಆಳುವವರ ಹೊಣೆಯೂ ಹೌದು ಎಂಬುದನ್ನು ಎಷ್ಟು ಸಲ ಹೇಳಿದರೂ ಸಾಲದು.

ಎದೆಯಾಳಕ್ಕೆ ಇಳಿಯುವಷ್ಟು ಸೂಕ್ಷ್ಮವಾದ ಪಿಎಂ 2.5 ಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ 24 ಗಂಟೆಯ ಮಿತಿ ಘನಮೀಟರ್‌ಗೆ 15 ಮೈಕ್ರೋಗ್ರಾಂ. ಗಾಳಿ ತೀರಾ ಕೆಟ್ಟ ದಿನ ವ್ಯಾಯಾಮ ಒಳಗೇ ಮಾಡಿ. ಹೊರಗೆ ಹೋಗಲೇಬೇಕಾದರೆ ಎನ್95 ಮಾಸ್ಕ್ ಧರಿಸಿ, ಬಟ್ಟೆಯ ಮಾಸ್ಕ್ ಈ ಕಣವನ್ನು ಅಷ್ಟಾಗಿ ತಡೆಯದು. ಹಾಗೆಂದು ಓಟ, ಆಟ ಬಿಡಬೇಕಿಲ್ಲ. ಹತೋಟಿಯಲ್ಲಿರುವ ಅಸ್ತಮಾ ಯಾವ ಮಗುವನ್ನೂ ಮೈದಾನದಿಂದ ಹೊರಗೆ ಕೂರಿಸಬಾರದು.

ಪರಾಗದ ಕಾಲದಲ್ಲಿ ಗುಡುಗುಮಳೆಯ ಬಗ್ಗೆ ಎಚ್ಚರ ಇರಲಿ. 2016ರ ನವೆಂಬರ್ 21ರಂದು ಮೆಲ್ಬರ್ನ್‌ನಲ್ಲಿ ಬಿರುಗಾಳಿಯ ಬೆನ್ನಿಗೇ ಸಾವಿರಾರು ಜನ ಉಸಿರಾಟದ ತೊಂದರೆಯಿಂದ ಆಸ್ಪತ್ರೆಗೆ ಧಾವಿಸಿದರು, ಹತ್ತು ಮಂದಿ ಸತ್ತರು. ಹುಲ್ಲಿನ ಪರಾಗ ತೇವಕ್ಕೆ ಒಡೆದು ಸೂಕ್ಷ್ಮ ಕಣಗಳಾಗಿ ಎದೆಯಾಳಕ್ಕೆ ಇಳಿದಿತ್ತು. ಅಂದು ನರಳಿದವರಲ್ಲಿ ಎಷ್ಟೋ ಮಂದಿಗೆ ಅದಕ್ಕೆ ಮುಂಚೆ ಅಸ್ತಮಾ ಇದೆ ಎಂದೇ ಗೊತ್ತಿರಲಿಲ್ಲ.

ಹೆಜ್ಜೆ 5: ಉಬ್ಬಸ ಉಲ್ಬಣಿಸಿದರೆ

ಏನು ಮಾಡಬೇಕೆಂದು ವೈದ್ಯರಿಂದ ಮೊದಲೇ ಬರೆಸಿಕೊಂಡು, ಮನೆಯಲ್ಲಿ ಎಲ್ಲರಿಗೂ ಕಾಣುವಲ್ಲಿ ಅಂಟಿಸಿಡಿ. ರೋಗಿಯನ್ನು ನೆಟ್ಟಗೆ ಕೂರಿಸಿ, ಮಲಗಿಸಬೇಡಿ. ಸಾಲ್ಬುಟಮಾಲ್ ಆದರೆ 30ರಿಂದ 60 ಸೆಕೆಂಡಿಗೆ ಒಂದು ಪಫ್, ಒಟ್ಟು 10ರವರೆಗೆ, ಸ್ಪೇಸರ್ ಇದ್ದರೆ ಅದರ ಮೂಲಕವೇ. ಸ್ಟಿರಾಯ್ಡ್ ಜೊತೆಗೆ ಸ್ನಾಯು ಸಡಿಲಿಸುವ ಔಷಧವೂ ಇರುವ ಸಂಯುಕ್ತ ಇನ್ಹೇಲರ್ ಬಳಸುವವರ ಲೆಕ್ಕ ಬೇರೆ, ಬರೆದುಕೊಟ್ಟಂತೆ ನಡೆಯಿರಿ. ಮಾತು ಪೂರ್ತಿಯಾಗದೆ ತುಂಡಾಗುತ್ತಿದ್ದರೆ, ತುಟಿ ನೀಲಿಗಟ್ಟಿದರೆ, ಮಂಪರು ಬಂದರೆ ಹತ್ತು ಪಫ್‌ಗೆ ಕಾಯಬೇಡಿ, ಆಂಬುಲೆನ್ಸ್ ಕರೆಯಿರಿ. ಸುಂಯ್ ಸದ್ದು ನಿಂತೂ ಏದುಸಿರು ಹೆಚ್ಚಾದರೆ ಅದು ಗುಣಮುಖವಾದದ್ದಲ್ಲ, ಗಾಳಿಯೇ ಆಡುತ್ತಿಲ್ಲ ಎಂಬುದರ ಗುರುತು.

ಮನೆಯಲ್ಲೇ ಶಮನವಾದರೂ ಒಂದೆರಡು ದಿನದೊಳಗೆ ವೈದ್ಯರನ್ನು ಕಾಣಿ. ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಶಮನದ ಇನ್ಹೇಲರ್ ಬೇಕಾಗುತ್ತಿದ್ದರೆ, ರಾತ್ರಿ ಕೆಮ್ಮಿನಿಂದ ಎಚ್ಚರವಾಗುತ್ತಿದ್ದರೆ, ಉಬ್ಬಸ ಬರಲಿ ಬಿಡಲಿ, ಆಗಲೂ ಕಾಣಿ. ಹೋಗುವಾಗ ಇನ್ಹೇಲರ್, ಸ್ಪೇಸರ್ ಮತ್ತು ಬರೆದಿಟ್ಟ ಪುಸ್ತಕ ಮೂರೂ ಚೀಲದಲ್ಲಿರಲಿ.