ಗೇಮ್‌ನೊಳಗೆ ನಂಬುವಂಥ ನಕ್ಷತ್ರಲೋಕ ಕಟ್ಟುವುದು ಹೇಗೆ?

ಮೈಸೂರಿನ ಕಾಲೇಜುಗಳ ಪ್ರಾಜೆಕ್ಟ್ ಪ್ರದರ್ಶನಕ್ಕೆ ಹೋದರೆ ಈಗ ಬಾಹ್ಯಾಕಾಶದ ಗೇಮ್ ಒಂದಾದರೂ ಕಣ್ಣಿಗೆ ಬೀಳುತ್ತದೆ. ಬಟನ್ ಒತ್ತಿದರೆ ಹೊಸ ನಕ್ಷತ್ರ, ಅದರ ಸುತ್ತ ಏಳೆಂಟು ಗ್ರಹ. ಮತ್ತೆ ಒತ್ತಿದರೆ ಇನ್ನೊಂದು ಲೋಕ. ಯಾರೂ ಕೈಯಲ್ಲಿ ಬಿಡಿಸಿದ್ದಲ್ಲ, ಎಲ್ಲವನ್ನೂ ಕೋಡೇ ಹುಟ್ಟಿಸುತ್ತದೆ. ಗ್ರಾಫಿಕ್ಸ್ ಸೊಗಸಾಗಿರುತ್ತದೆ. ಆದರೆ ಸ್ವಲ್ಪ ಹೊತ್ತು ಆಡಿದರೆ ಬೇಜಾರಾಗುತ್ತದೆ. ಧಗಧಗ ಉರಿಯುವ ನೀಲಿ ನಕ್ಷತ್ರದ ಪಕ್ಕದಲ್ಲೇ ಹಸಿರು ಕಾಡಿನ ಗ್ರಹ. ಗುರುವಿನಷ್ಟು ದೊಡ್ಡ ಎರಡು ಗ್ರಹ ಮೈಗೆ ಮೈ ತಾಗಿಸಿಕೊಂಡು ಓಡುತ್ತಿರುತ್ತವೆ. ಯಾವ ಲೋಕಕ್ಕೆ ಹೋದರೂ ಇದೇ ಕಲಸುಮೇಲೋಗರ.

ಮೈಸೂರು, ಮಂಡ್ಯದ ಹುಡುಗ ಹುಡುಗಿಯರ ಜೊತೆ ಕೂತು ಇಂಥ ಕೋಡ್ ನೋಡುವುದು ನನ್ನ ಕೆಲಸ. ತಪ್ಪು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಇರುತ್ತದೆ. ಬಣ್ಣಕ್ಕೊಂದು ದಾಳ (ಅಂದರೆ ಕೋಡ್ ಗೊತ್ತುಗುರಿಯಿಲ್ಲದೆ ಆರಿಸುವ ಸಂಖ್ಯೆ), ದೂರಕ್ಕೊಂದು ದಾಳ, ಬಿಸಿಗೊಂದು, ಗುರುತ್ವಕ್ಕೊಂದು. ನಿಜವಾದ ಆಕಾಶದಲ್ಲಿ ಇವು ಒಂದಕ್ಕೊಂದು ಅಂಟಿಕೊಂಡಿವೆ. ನಕ್ಷತ್ರದ ದ್ರವ್ಯರಾಶಿ (ಸುಲಭಕ್ಕೆ ತೂಕ ಅನ್ನೋಣ) ಗೊತ್ತಾದರೆ ಅದರ ಬೆಳಕು, ಬಣ್ಣ, ಆಯಸ್ಸು ಮೂರೂ ಸಿಕ್ಕಿದ ಹಾಗೆ. ಆದ್ದರಿಂದ ದಾಳ ಕಡಿಮೆ ಉರುಳಿಸಿ. ಮಿಕ್ಕಿದ್ದನ್ನು ಲೆಕ್ಕ ಹಾಕಿ.

ಮೊದಲು ಸೀಡ್

1984ರ ಎಲೀಟ್ ಗೇಮ್‌ನಲ್ಲಿ ಎಂಟು ಗ್ಯಾಲಕ್ಸಿ, ಒಂದೊಂದರಲ್ಲೂ 256 ಲೋಕ ಇದ್ದವು. ಒಂದೊಂದು ಲೋಕದ ವಿವರವನ್ನೂ ಬರೆದಿಟ್ಟಿರಲಿಲ್ಲ. ಒಂದು ಸೀಡ್, ಅಂದರೆ ಬೀಜದಂಥ ಆರಂಭದ ಸಂಖ್ಯೆಯಿಂದ ಪ್ರತಿ ಸಲವೂ ಅದೇ ಲೋಕ ಹುಟ್ಟುತ್ತಿತ್ತು. ನೀವೂ ಅದನ್ನೇ ಮಾಡಿ. ಆದರೆ ಇಡೀ ಗ್ಯಾಲಕ್ಸಿಗೆ ಒಂದೇ ರ‍್ಯಾಂಡಮ್ ಸರಣಿ ಹರಿಸಬೇಡಿ. ಲೋಕದ ಸೀಡ್‌ಗೆ ಗ್ರಹದ ಕ್ರಮಸಂಖ್ಯೆ ಸೇರಿಸಿ ಹ್ಯಾಶ್ ಮಾಡಿ (ಎರಡನ್ನೂ ಕಲಸಿ ಒಂದು ಹೊಸ ಸಂಖ್ಯೆ ತೆಗೆಯಿರಿ), ಪ್ರತಿ ಗ್ರಹಕ್ಕೂ ಅದರದೇ ಸೀಡ್ ಕೊಡಿ. ಇಲ್ಲದಿದ್ದರೆ ನಾಳೆ ಒಂದು ಉಪಗ್ರಹ ಸೇರಿಸಿದ ತಕ್ಷಣ ಅದರ ಮುಂದಿನ ಎಲ್ಲ ಗ್ರಹಗಳೂ ಬದಲಾಗುತ್ತವೆ. ಆಟಗಾರ ಮನೆ ಕಟ್ಟಿದ್ದ ಬೆಟ್ಟ ಸಮುದ್ರದ ತಳ ಸೇರುತ್ತದೆ.

ನಕ್ಷತ್ರ

ಕೆಆರ್‌ಎಸ್ ಹಿನ್ನೀರಿನ ಕಡೆ ಅಮಾವಾಸ್ಯೆಯ ರಾತ್ರಿ ಹೋಗಿ ತಲೆ ಎತ್ತಿ ನೋಡಿ. ಕಾಣುವ ನಕ್ಷತ್ರಗಳಲ್ಲಿ ಒಂದೂ ಕೆಂಪು ಕುಬ್ಜ (ತೀರಾ ಹಗುರ, ಮಂಕು ನಕ್ಷತ್ರ) ಅಲ್ಲ. ನಿಜಕ್ಕೂ ಆಕಾಶದ ನಕ್ಷತ್ರಗಳಲ್ಲಿ ಮುಕ್ಕಾಲು ಪಾಲು ಅವೇ. ಬೆಳಕು ಅಷ್ಟು ಕಡಿಮೆ, ಅದಕ್ಕೇ ಬರಿಗಣ್ಣಿಗೆ ಕಾಣುವುದಿಲ್ಲ. ಕಣ್ಣಿಗೆ ಬೀಳುವ ನಕ್ಷತ್ರಗಳನ್ನು ನಂಬಿ ಪಟ್ಟಿ ಮಾಡಿದರೆ ಗ್ಯಾಲಕ್ಸಿ ಪೂರ್ತಿ ದೈತ್ಯರೇ ತುಂಬುತ್ತಾರೆ.

ಈ ಪಟ್ಟಿ ಇಟ್ಟುಕೊಳ್ಳಿ. ನೂರು ನಕ್ಷತ್ರ ಹುಟ್ಟಿಸಿದರೆ ಸುಮಾರು 76 ಕೆಂಪು ಕುಬ್ಜ, 12 ಕಿತ್ತಳೆ, ಏಳೆಂಟು ಸೂರ್ಯನಂಥವು, ಮೂರು ಅದಕ್ಕಿಂತ ಸ್ವಲ್ಪ ಬಿಳಿ. ನೀಲಿಬಿಳಿ ನಕ್ಷತ್ರ ಎಂಟುನೂರಕ್ಕೆ ಒಂದು. ತೀರಾ ಭಾರದ ನೀಲಿ ದೈತ್ಯ ಮೂವತ್ತು ಲಕ್ಷಕ್ಕೆ ಒಂದು. ಆಟಗಾರನಿಗೆ ನೀಲಿ ದೈತ್ಯ ಸಿಗುವುದೇ ಇಲ್ಲ ಅನ್ನಿಸಿದರೆ ನಕ್ಷೆಯಲ್ಲಿ ಕೈಯಾರೆ ನಾಲ್ಕೈದು ಇಡಿ. ಪಟ್ಟಿಯನ್ನು ಕೆಡಿಸಬೇಡಿ.

ಬೆಳಕಿನ ಲೆಕ್ಕ ಸುಲಭ. ಸೂರ್ಯನ ತೂಕ, ಬೆಳಕು ಎರಡನ್ನೂ ಒಂದು ಅಂತ ಇಟ್ಟುಕೊಳ್ಳಿ. ತೂಕ ಸೂರ್ಯನ 0.43ರಿಂದ 2 ಪಟ್ಟು ಇದ್ದರೆ ತೂಕದ 4ನೇ ಘಾತ. ಅದಕ್ಕಿಂತ ಹಗುರವಾಗಿದ್ದರೆ ತೂಕದ 2.3ನೇ ಘಾತವನ್ನು 0.23ರಿಂದ ಗುಣಿಸಿ. ಎರಡು ಸೂರ್ಯನ ತೂಕ ಮೀರಿದರೆ 3.5ನೇ ಘಾತವನ್ನು 1.4ರಿಂದ ಗುಣಿಸಿ. ಆಯಸ್ಸು ಬೇಕಾದರೆ ತೂಕವನ್ನು ಬೆಳಕಿನಿಂದ ಭಾಗಿಸಿ, ಸಾವಿರ ಕೋಟಿ ವರ್ಷದಿಂದ ಗುಣಿಸಿ.

ಆಯಸ್ಸಿನ ಲೆಕ್ಕ ಬಿಡುವವರು ತುಂಬಾ ಜನ. ಎರಡು ಸೂರ್ಯನ ತೂಕದ ನಕ್ಷತ್ರ 125 ಕೋಟಿ ವರ್ಷಕ್ಕೆ ಮುಗಿಯುತ್ತದೆ. ಭೂಮಿ ಹುಟ್ಟಿ ಗಾಳಿಗೆ ಆಮ್ಲಜನಕ ಸೇರುವುದಕ್ಕೆ 200 ಕೋಟಿ ವರ್ಷಕ್ಕೂ ಜಾಸ್ತಿ ಹಿಡಿಯಿತು. ಹಾಗಾದರೆ ಆ ನಕ್ಷತ್ರದ ಸುತ್ತ ಉಸಿರಾಡುವ ಕಾಡು ಎಲ್ಲಿಂದ ಬಂತು? ಮಂಡ್ಯದ ರೈತರು ಆರಿದ್ರಾ ಮಳೆ ಅಂತ ಯಾವ ನಕ್ಷತ್ರದ ಹೆಸರು ಹೇಳುತ್ತಾರೋ, ಆ ಕೆಂಪು ದೈತ್ಯನ ವಯಸ್ಸು ಒಂದು ಕೋಟಿ ವರ್ಷದ ಆಸುಪಾಸು ಅಷ್ಟೇ. ಅದರ ಸುತ್ತ ಭತ್ತದ ಗದ್ದೆ ಇರುವ ಗ್ರಹವನ್ನು ದಯವಿಟ್ಟು ಇಡಬೇಡಿ.

ಬಣ್ಣದ ಬಗ್ಗೆಯೂ ಒಂದು ಮಾತು. ಕೆಂಪು ಕುಬ್ಜ ಅಂದ ತಕ್ಷಣ ಕಡುಕೆಂಪು ಬಳಿಯುತ್ತಾರೆ. ಅದರ ಮೇಲ್ಮೈ ತಾಪ ಸುಮಾರು 3000 ಕೆಲ್ವಿನ್, ಹಳೇ ಕಾಲದ ತಂತಿ ಬಲ್ಬಿಗಿಂತ ಸ್ವಲ್ಪ ಜಾಸ್ತಿ. ಹತ್ತಿರದಿಂದ ನೋಡಿದರೆ ಆ ಬಲ್ಬಿನ ಹಾಗೇ ಹಳದಿಕಿತ್ತಳೆ ಕಾಣುತ್ತದೆ. ಹಸಿರು ನಕ್ಷತ್ರ ಇಲ್ಲವೇ ಇಲ್ಲ. ದುಡ್ಡು ಕೊಟ್ಟು ಕೊಳ್ಳುವ ಕೆಲವು ನಕ್ಷತ್ರದ ಪ್ಯಾಕ್‌ಗಳಲ್ಲಿ ಹಸಿರು, ನೇರಳೆ ಎಲ್ಲ ಕೊಟ್ಟಿರುತ್ತಾರೆ. ಆ ದುಡ್ಡು ಉಳಿಸಿ. ತಾಪದಿಂದ ಬಣ್ಣ ಕೊಡುವ ಸಣ್ಣ ಫಂಕ್ಷನ್ ಸಾಕು.

ಕಕ್ಷೆ: ಎಲ್ಲರೂ ಎಡವುವ ಜಾಗ

ಇಲ್ಲಿ ನಿಧಾನವಾಗಿ ಓದಿ. ಗ್ರಹಗಳನ್ನು ಎಷ್ಟೆಷ್ಟು ದೂರಕ್ಕೆ ಇಡಬೇಕು ಅನ್ನುವುದೇ ಇಡೀ ಕೆಲಸದ ಕಷ್ಟದ ಭಾಗ.

ಮೊದಲು ಅಡ್ಡದಾರಿಯ ವಿಷಯ. ಒಂದು ಗ್ರಹದ ದೂರವನ್ನು 1.7ರಿಂದಲೋ 2ರಿಂದಲೋ ಗುಣಿಸುತ್ತಾ ಹೋಗುವ ಕೋಡ್ ಎಲ್ಲೆಡೆ ಓಡಾಡುತ್ತಿದೆ. 18ನೇ ಶತಮಾನದ ಟಿಟಿಯಸ್‌–ಬೋಡೆ ನಿಯಮದ ಮೊಮ್ಮಗು ಅದು. ಆ ನಿಯಮದ ಪ್ರಕಾರ ನೆಪ್ಚೂನ್ 38.8 ಖಗೋಳಮಾನ (ಒಂದು ಖಗೋಳಮಾನ ಅಂದರೆ ಸೂರ್ಯನಿಂದ ಭೂಮಿಗಿರುವ ದೂರ) ದೂರದಲ್ಲಿರಬೇಕಿತ್ತು. ಇರುವುದು 30.1ರಲ್ಲಿ. ಈ ದಾರಿ ಹಿಡಿದರೆ ಎಲ್ಲ ಲೋಕವೂ ಒಂದೇ ಅಚ್ಚಿನಲ್ಲಿ ಬರುತ್ತದೆ. ಬಿಟ್ಟುಬಿಡಿ.

ಸರಿಯಾದ ದಾರಿ ಹಿಲ್ ತ್ರಿಜ್ಯದ್ದು, ಅಂದರೆ ನಕ್ಷತ್ರದ ಸೆಳೆತಕ್ಕಿಂತ ಗ್ರಹದ ಸೆಳೆತದ ಕೈ ಮೇಲಾಗಿರುವ ವಲಯದ ಅಳತೆ. ಪಕ್ಕಪಕ್ಕದ ಎರಡು ಗ್ರಹಗಳ ತೂಕ ಕೂಡಿ. ನಕ್ಷತ್ರದ ತೂಕದ ಮೂರರಷ್ಟರಿಂದ ಭಾಗಿಸಿ. ಘನಮೂಲ ತೆಗೆಯಿರಿ. ಇದನ್ನು ಎರಡು ಕಕ್ಷೆಗಳ ಸರಾಸರಿ ದೂರದಿಂದ ಗುಣಿಸಿದರೆ ಅವುಗಳ ಜಂಟಿ ಹಿಲ್ ತ್ರಿಜ್ಯ ಬರುತ್ತದೆ. ಎರಡು ಕಕ್ಷೆಗಳ ನಡುವೆ ಇಂಥ ಎಷ್ಟು ತ್ರಿಜ್ಯ ಇದೆ ಅನ್ನುವುದನ್ನು ಅಂತರದ ಸಂಖ್ಯೆ ಅನ್ನೋಣ. ಎರಡೇ ಗ್ರಹವಿದ್ದು ಕಕ್ಷೆ ದುಂಡಗಿದ್ದರೆ ಮೂರೂವರೆ ಸಾಕು. ಮೂರು ಅಥವಾ ಜಾಸ್ತಿ ಇದ್ದರೆ, ನೂರಾರು ಕೋಟಿ ವರ್ಷ ಬಾಳಲು ಸಾಮಾನ್ಯವಾಗಿ ಹತ್ತಾದರೂ ಬೇಕು. ಶುಕ್ರ ಮತ್ತು ಭೂಮಿಯ ನಡುವೆ ಸುಮಾರು 26 ಇದೆ. ಗುರು ಮತ್ತು ಶನಿಯ ನಡುವೆ ಸುಮಾರು 8. ಸಣ್ಣ ಗ್ರಹಗಳಿಗೆ ನಾನು 12ರಿಂದ 30ರೊಳಗೆ ದಾಳ ಹಾಕಿಸುತ್ತೇನೆ, 20ರ ಹತ್ತಿರ ಜಾಸ್ತಿ ಬೀಳುವ ಹಾಗೆ. ದೈತ್ಯ ಗ್ರಹಗಳ ಜೋಡಿಗೆ 8ರಿಂದ 12.

ತೊಡಕು ಎಲ್ಲಿ ಅಂದರೆ, ಎರಡನೇ ಗ್ರಹದ ದೂರ ಗೊತ್ತಿಲ್ಲದೆ ತ್ರಿಜ್ಯ ಗೊತ್ತಾಗುವುದಿಲ್ಲ. ತ್ರಿಜ್ಯ ಇಲ್ಲದೆ ದೂರ ಸಿಗುವುದಿಲ್ಲ. ಇಲ್ಲಿ ಮಕ್ಕಳು ಲೂಪ್ ಹಾಕಿ, ಸರಿಹೋಗುವ ತನಕ ದಾಳ ಉರುಳಿಸುತ್ತಾ ಕೂರುತ್ತಾರೆ. ಬೇಕಿಲ್ಲ. ಆ ಘನಮೂಲವನ್ನು ಅಂತರದ ಸಂಖ್ಯೆಯ ಅರ್ಧದಿಂದ ಗುಣಿಸಿ, ಬಂದದ್ದನ್ನು ‘ಕ’ ಅನ್ನಿ. ಒಂದಕ್ಕೆ ‘ಕ’ ಕೂಡಿ, ಒಂದರಿಂದ ‘ಕ’ ಕಳೆದದ್ದರಿಂದ ಭಾಗಿಸಿ. ಒಳಗಿನ ಗ್ರಹದ ದೂರವನ್ನು ಅದರಿಂದ ಗುಣಿಸಿದರೆ ಹೊರಗಿನ ಗ್ರಹದ ದೂರ ನೇರವಾಗಿ ಬರುತ್ತದೆ. ಗುರುವಿನ 5.2ರಿಂದ ಹೊರಟು, ಶನಿಯ ತೂಕ ಹಾಕಿ, ಸಂಖ್ಯೆ 8 ಕೊಟ್ಟು ನೋಡಿ. 9.6 ಬರುತ್ತದೆ. ಶನಿ ನಿಜಕ್ಕೂ ಇರುವುದು 9.5ರಲ್ಲಿ. ‘ಕ’ ಒಂದನ್ನು ಮುಟ್ಟಿದರೆ ಅಲ್ಲಿಗೆ ನಿಲ್ಲಿಸಿ, ಮುಂದಿನ ಗ್ರಹಕ್ಕೆ ಜಾಗವಿಲ್ಲ.

ತೂಕವೆಲ್ಲ ಒಂದೇ ಅಳತೆಯಲ್ಲಿರಲಿ. ಭೂಮಿಯ ತೂಕ ಸೂರ್ಯನ 3,33,000ದಲ್ಲಿ ಒಂದು ಪಾಲು. ಗ್ರಹಕ್ಕೆ ಭೂಮಿಯ ಅಳತೆ, ನಕ್ಷತ್ರಕ್ಕೆ ಸೂರ್ಯನ ಅಳತೆ ಹಾಗೇ ಬಿಟ್ಟು ಭಾಗಿಸಿದರೆ ಒಂದೇ ಗ್ರಹಕ್ಕೆ ಲೋಕ ಮುಗಿದುಹೋಗುತ್ತದೆ. ಯಾಕೆ ಅಂತ ತಿಳಿಯದೆ ತಲೆ ಕೆರೆದುಕೊಳ್ಳುವವರನ್ನು ತುಂಬಾ ನೋಡಿದ್ದೇನೆ.

ಇನ್ನು ಹಿಮರೇಖೆ. ಸೂರ್ಯನಿಗೆ 2.7 ಖಗೋಳಮಾನ ಅಂತ ಇಟ್ಟುಕೊಂಡು, ಬೆಳಕಿನ ವರ್ಗಮೂಲದಿಂದ ಗುಣಿಸಿ. ಅದರ ಒಳಗೆ ಕಲ್ಲಿನ ಸಣ್ಣ ಗ್ರಹಗಳು. ಹೊರಗೆ ನೀರು ಮಂಜುಗಡ್ಡೆಯಾಗಿ ಸಿಗುವುದರಿಂದ ದೊಡ್ಡವು ಬೆಳೆಯುತ್ತವೆ. ಹಾಗಾಗಿ ತೂಕದ ದಾಳವೇ ರೇಖೆಯ ಆಚೆ ಈಚೆ ಬೇರೆ ಬೇರೆ. ಮೊದಲು ಒಳಗಿನ ದಾಳದಿಂದಲೇ ತೂಕ ಕೊಟ್ಟು ದೂರ ಲೆಕ್ಕ ಹಾಕಿ. ದೂರ ರೇಖೆ ದಾಟಿದರೆ ಹೊರಗಿನ ದಾಳದಿಂದ ತೂಕ ಬದಲಿಸಿ, ದೂರವನ್ನು ಇನ್ನೊಮ್ಮೆ ಲೆಕ್ಕ ಹಾಕಿ. ತೂಕ ಹೆಚ್ಚಿದರೆ ಗ್ರಹ ಇನ್ನೂ ಆಚೆ ಹೋಗುತ್ತದೆಯೇ ಹೊರತು ರೇಖೆಯ ಒಳಗೆ ವಾಪಸ್ ಬರುವುದಿಲ್ಲ. ದೈತ್ಯ ಗ್ರಹಗಳನ್ನು ಎಲ್ಲ ಲೋಕಕ್ಕೂ ಹಂಚಬೇಡಿ. ಸೂರ್ಯನಂಥ ನಕ್ಷತ್ರಗಳಲ್ಲಿ ನೂರಕ್ಕೆ ಸುಮಾರು ಹತ್ತರಲ್ಲಿ ಸಾಕು. ಕೆಂಪು ಕುಬ್ಜಗಳಲ್ಲಿ ಇನ್ನೂ ಕಡಿಮೆ.

ಇದಕ್ಕೆ ಎರಡು ಅಪವಾದ ಇಡಲೇಬೇಕು. ಒಂದು, ಬಿಸಿ ಗುರು, ಅಂದರೆ ನಕ್ಷತ್ರಕ್ಕೆ ಅಂಟಿಕೊಂಡ, ಗುರುವಿನಂಥ ದೈತ್ಯ ಗ್ರಹ. 1995ರಲ್ಲಿ ಖಗೋಳವಿಜ್ಞಾನಿಗಳಾದ ಮೇಯರ್ ಮತ್ತು ಕ್ವೆಲೋ ಕಂಡುಹಿಡಿದದ್ದು ಇಂಥದ್ದೇ, ಸುತ್ತಲು ನಾಲ್ಕು ದಿನ ಚಿಲ್ಲರೆ. 2019ರಲ್ಲಿ ಭಾರತ ಹೆಸರಿಟ್ಟ ಬಿಭಾ ನಕ್ಷತ್ರದ ಗ್ರಹ ಸಂತಮಸವೂ ಇದೇ ಜಾತಿ, ಸುಮಾರು ಎರಡು ದಿನಕ್ಕೆ ಒಂದು ಸುತ್ತು. ನೂರು ಸೂರ್ಯರಲ್ಲಿ ಒಂದಕ್ಕೆ ಇಂಥದ್ದು ಇರಲಿ. ಹೀಗೆ ಇಟ್ಟಾಗ ಪಕ್ಕದ ಸಣ್ಣ ಗ್ರಹಗಳನ್ನು ತೆಗೆಯಿರಿ. 1970ರಲ್ಲಿ ಸ್ಟೀಫನ್ ಡೋಲ್ ಬರೆದ ಧೂಳು ಕೂಡಿಸುವ ವಿಧಾನವನ್ನು ಇವತ್ತಿಗೂ ಕೆಲವರು ಹಾಗೇ ಬಳಸುತ್ತಾರೆ. ಬಿಸಿ ಗುರು ಗೊತ್ತಿಲ್ಲದ ಕಾಲದ್ದು ಅದು. ಅದರಲ್ಲಿ ಹುಟ್ಟುವ ಲೋಕಗಳೆಲ್ಲ ನಮ್ಮ ಸೌರಮಂಡಲದ ಹಾಗೇ ಕಾಣುತ್ತವೆ.

ಇನ್ನೊಂದು, ಅನುರಣನದ ಸರಪಳಿ. ಟ್ರಾಪಿಸ್ಟ್–1 ಅನ್ನುವ ಕೆಂಪು ಕುಬ್ಜದ ಏಳು ಗ್ರಹಗಳು ಇಕ್ಕಟ್ಟಿನಲ್ಲಿವೆ. ಕೆಲವು ಜೋಡಿಗಳ ಅಂತರದ ಸಂಖ್ಯೆ ಹತ್ತಕ್ಕಿಂತ ಕಡಿಮೆ. ಆದರೂ ಉಳಿದಿವೆ, ಯಾಕೆಂದರೆ ಸುತ್ತುವ ಕಾಲಗಳು 3ಕ್ಕೆ 2, 4ಕ್ಕೆ 3 ಅನ್ನುವಂಥ ಅನುಪಾತದಲ್ಲಿ ಬಿಗಿದುಕೊಂಡಿವೆ. ಗ್ರಹಗಳನ್ನು ಹತ್ತಿರ ಕೂರಿಸುವ ಆಸೆ ಇದ್ದರೆ ಈ ಅನುಪಾತ ಕೊಟ್ಟು ಕೂರಿಸಿ.

ಕಕ್ಷೆಯ ಚಪ್ಪಟೆತನ (ಎಕ್ಸೆಂಟ್ರಿಸಿಟಿ) 0.03ರ ಆಸುಪಾಸು, ಓರೆ ಎರಡು ಮೂರು ಡಿಗ್ರಿ. ಸುತ್ತುವ ಕಾಲಕ್ಕೆ ದಾಳ ಬೇಡವೇ ಬೇಡ. ದೂರದ ಘನವನ್ನು ನಕ್ಷತ್ರದ ತೂಕದಿಂದ ಭಾಗಿಸಿ ವರ್ಗಮೂಲ ತೆಗೆದರೆ ವರ್ಷದಲ್ಲಿ ಉತ್ತರ. ಕೆಪ್ಲರ್ ನಾನೂರು ವರ್ಷದ ಹಿಂದೆಯೇ ಕೊಟ್ಟುಹೋಗಿದ್ದಾನೆ.

ಬಿಸಿ, ನೆಲ, ಉಂಗುರ

ಗ್ರಹದ ತಾಪಕ್ಕೆ 278ನ್ನು ಬೆಳಕಿನ ನಾಲ್ಕನೇ ಮೂಲದಿಂದ ಗುಣಿಸಿ, ದೂರದ ವರ್ಗಮೂಲದಿಂದ ಭಾಗಿಸಿ. ಬೆಳಕಿನಲ್ಲಿ ಎಷ್ಟು ಪಾಲು ವಾಪಸ್ ಹೋಗದೆ ಒಳಗೆ ಉಳಿಯುತ್ತದೋ ಅದರ ನಾಲ್ಕನೇ ಮೂಲದಿಂದ ಮತ್ತೆ ಗುಣಿಸಿ. ಭೂಮಿಗೆ 255 ಕೆಲ್ವಿನ್ ಬರುತ್ತದೆ. ನಿಜವಾದ ಸರಾಸರಿ 288. ಆ ವ್ಯತ್ಯಾಸ ಗಾಳಿ ಹೊದಿಸಿದ ಕಂಬಳಿಯದ್ದು. ಶುಕ್ರನಿಗೆ ಅದೇ ಕಂಬಳಿ 737 ಕೆಲ್ವಿನ್ ಮಾಡಿಟ್ಟಿದೆ. ಅದಕ್ಕೇ ದೂರ ಒಂದನ್ನೇ ನೋಡಿ ಕಾಡು ಬೆಳೆಸಬೇಡಿ, ಗಾಳಿಯನ್ನೂ ಕೇಳಿ.

0.3 ಸೂರ್ಯನ ತೂಕದ ಕುಬ್ಜವನ್ನು ತೆಗೆದುಕೊಳ್ಳಿ. ಭೂಮಿಯಷ್ಟು ಬೆಳಕು ಸಿಗುವ ಜಾಗ 0.12 ಖಗೋಳಮಾನದಲ್ಲಿ. ಅಲ್ಲಿ ವರ್ಷ ಅಂದರೆ 28 ದಿನ. ಗ್ರಹ ಬಹುಶಃ ಒಂದೇ ಮುಖ ತೋರಿಸುತ್ತಾ ಸುತ್ತುತ್ತದೆ. ಒಂದು ಕಡೆ ಸದಾ ಹಗಲು, ಇನ್ನೊಂದು ಕಡೆ ಸದಾ ಇರುಳು. ದಿನಕ್ಕೆ 24 ಗಂಟೆ ಅಂತ ಹಾಕಿದ್ದರೆ ಅಳಿಸಿ.

ಮಂಡ್ಯದ ಒಬ್ಬ ಹುಡುಗ ಇಲ್ಲೇ ಕೇಳಿದ: “ಸಾರ್, ಆಡೋರಿಗೆ ಇದೆಲ್ಲ ಗೊತ್ತಾಗುತ್ತಾ?” ಸೂತ್ರ ಗೊತ್ತಾಗುವುದಿಲ್ಲ. ಆದರೆ ಲೋಕಕ್ಕೊಂದು ಕ್ರಮ ಇದೆ ಅನ್ನುವುದು ಗೊತ್ತಾಗುತ್ತದೆ. ಮಂಕು ನಕ್ಷತ್ರ ಕಂಡರೆ ಹತ್ತಿರದ ಕಕ್ಷೆಯಲ್ಲಿ ಹುಡುಕಬೇಕು, ನೀರು ಬೇಕಾದರೆ ಹಿಮರೇಖೆಯ ಆಚೆ ಹೋಗಬೇಕು ಅಂತ ಆಟಗಾರನೇ ಕಲಿಯುತ್ತಾನೆ. ಆಮೇಲೆ ಎಲ್ಲಿಗೆ ಹೋಗಬೇಕು ಅಂತ ಊಹಿಸಿ ಹೊರಡುತ್ತಾನೆ, ಸುಮ್ನೆ ಅಲೆಯುವುದಿಲ್ಲ. ಗೇಮ್‌ಗೆ ಅದಕ್ಕಿಂತ ಇನ್ನೇನು ಬೇಕು?

ಗುರುತ್ವಕ್ಕೆ ತೂಕವನ್ನು ತ್ರಿಜ್ಯದ ವರ್ಗದಿಂದ ಭಾಗಿಸಿ, ಎರಡೂ ಭೂಮಿಯ ಅಳತೆಯಲ್ಲಿರಲಿ. ಶನಿಯ ತೂಕ ಭೂಮಿಯ 95 ಪಟ್ಟು, ಆದರೂ ಮೋಡದ ಮೇಲೆ ಗುರುತ್ವ ನಮ್ಮದಕ್ಕಿಂತ ಸ್ವಲ್ಪವೇ ಜಾಸ್ತಿ. ತ್ರಿಜ್ಯ ಭೂಮಿಯ 1.6 ಪಟ್ಟು ಮೀರಿದ ಗ್ರಹಗಳಿಗೆ ಸಾಮಾನ್ಯವಾಗಿ ಕಲ್ಲಿನ ನೆಲ ಇರುವುದಿಲ್ಲ. ಅಲ್ಲಿ ನೌಕೆ ಇಳಿಸಬೇಡಿ.

ಕ್ಷುದ್ರಗ್ರಹ ಪಟ್ಟಿಯಲ್ಲಿ ಬಂಡೆಗಳನ್ನು ಒತ್ತೊತ್ತಾಗಿ ಪೇರಿಸಬೇಡಿ. ನಮ್ಮ ಸೌರಮಂಡಲದ ಆ ಪಟ್ಟಿಯ ಒಟ್ಟು ತೂಕ ಚಂದ್ರನ ನೂರಕ್ಕೆ ಮೂರು ನಾಲ್ಕು ಪಾಲು ಅಷ್ಟೇ. ಬಂಡೆಗಳ ನಡುವೆ ನುಸುಳುವ ದೃಶ್ಯ ಬೇಕೇ ಬೇಕು ಅಂದರೆ ಗ್ರಹದ ಉಂಗುರಕ್ಕೆ ಕರೆದೊಯ್ಯಿರಿ.

ಜೋಡಿ ನಕ್ಷತ್ರ ಇದ್ದರೆ: ಸಮ ತೂಕದ, ದುಂಡು ಕಕ್ಷೆಯ ಜೋಡಿಯಲ್ಲಿ ಒಂದನ್ನೇ ಸುತ್ತುವ ಗ್ರಹ ಅವುಗಳ ಅಂತರದ ಕಾಲು ಭಾಗದೊಳಗೆ ಇರಲಿ. ಎರಡನ್ನೂ ಸುತ್ತುವುದಾದರೆ ಎರಡೂವರೆ ಪಟ್ಟು ಆಚೆ. ನಡುವೆ ಏನೂ ಬೇಡ.

ಹೆಸರಿಗೆ ಅರ್ಥವಿಲ್ಲದ ಅಕ್ಷರ ಜೋಡಿಸುವುದು ನನಗೆ ಹಿಡಿಸುವುದಿಲ್ಲ. ನಮ್ಮ ಕಡೆ ಕೊಪ್ಪಲು, ಹಳ್ಳಿ, ಪುರ, ಕೆರೆ ಅಂತ ಎಷ್ಟು ಚೆಂದದ ಬಾಲಗಳಿವೆ ಅಲ್ವಾ? ಅವನ್ನೇ ಬಳಸಿ.

ಪರೀಕ್ಷೆ

ದೂರವನ್ನು ಮೀಟರ್‌ನಲ್ಲಿ, 32 ಬಿಟ್ ಫ್ಲೋಟ್‌ನಲ್ಲಿ ಇಡಬೇಡಿ. ಭೂಮಿಯ ಕಕ್ಷೆಯಷ್ಟು ದೂರದಲ್ಲಿ ಅದರ ಒಂದು ಹೆಜ್ಜೆ, ಅಂದರೆ ಅದು ಹಿಡಿದಿಡಬಲ್ಲ ಪಕ್ಕಪಕ್ಕದ ಎರಡು ಸಂಖ್ಯೆಗಳ ಅಂತರ, 16 ಕಿಲೋಮೀಟರ್. ನೌಕೆ ನಡುಗುವುದು ಅದಕ್ಕೇ. 64 ಬಿಟ್ ಬಳಸಿ, ನೌಕೆಯನ್ನೇ ಸೊನ್ನೆ ಬಿಂದುವಾಗಿಟ್ಟು ಚಿತ್ರ ಬಿಡಿಸಿ.

ಆಮೇಲೆ ಕೋಡ್‌ಗೆ ಗೊತ್ತಿರುವ ಲೋಕ ಕೊಡಿ. ಸೂರ್ಯನ ತೂಕಕ್ಕೆ 0.723 ದೂರ ಹಾಕಿದರೆ ಶುಕ್ರನ 225 ದಿನ, 5.203 ಹಾಕಿದರೆ ಗುರುವಿನ 11.86 ವರ್ಷ ಬರಬೇಕು. 0.09 ಸೂರ್ಯನ ತೂಕಕ್ಕೆ 0.0115 ದೂರ ಹಾಕಿದರೆ ಟ್ರಾಪಿಸ್ಟ್–1ರ ಮೊದಲ ಗ್ರಹದ ಒಂದೂವರೆ ದಿನ. ಕಾಲ ಸರಿ ಬಂದು ಗ್ರಹ ಮಾತ್ರ ತಪ್ಪು ಜಾಗದಲ್ಲಿ ಕಂಡರೆ ಡಿಗ್ರಿ, ರೇಡಿಯನ್ ಬೆರೆತಿರುತ್ತವೆ. ಎಲ್ಲ ಸರಿಯಾದರೆ ಸಾವಿರ ಲೋಕ ಹುಟ್ಟಿಸಿ ಒಂದು ಟೇಬಲ್‌ಗೆ ಹಾಕಿ. ಏಳುನೂರೈವತ್ತರ ಹತ್ತಿರ ಕೆಂಪು ಕುಬ್ಜ ಇರಬೇಕು. ಕಾಡಿರುವ ಗ್ರಹಗಳನ್ನು ಬೇರೆ ಮಾಡಿ, ಅವುಗಳ ನಕ್ಷತ್ರದ ತೂಕ ನೋಡಿ. 1.7 ಸೂರ್ಯ ದಾಟಿದ್ದು ಒಂದು ಸಿಕ್ಕಿದರೂ ಆಯಸ್ಸಿನ ಲೆಕ್ಕ ಎಲ್ಲೋ ತಪ್ಪಿದೆ, ಅಲ್ಲಿಂದ ಹುಡುಕಲು ಶುರು ಮಾಡಿ.