ಡಿಗ್ರಿ ಮಧ್ಯೆ ಬಿಡುವು ಬೇಕಾದಾಗ: ಹಾಸನ, ಚಿಕ್ಕಮಗಳೂರಿನ ವಿದ್ಯಾರ್ಥಿಗಳಿಗಿರುವ ದಾರಿಗಳು

ಸರ್ಕಾರಿ ನೌಕರರಿಗೆ ಸಿಎಲ್, ಇಎಲ್ ಇದ್ದಹಾಗೆ ಪದವಿ ವಿದ್ಯಾರ್ಥಿಗೆ ಲೆಕ್ಕದ ರಜೆ ಎಂಬುದಿಲ್ಲ. ಪರೀಕ್ಷೆಗೆ ಕೂರಲು ಬೇಕಾದ ಹಾಜರಾತಿ ಇದ್ದರೆ ನೀವು ಎಲ್ಲಿದ್ದಿರಿ ಎಂದು ಯಾರೂ ಕೇಳುವುದಿಲ್ಲ, ಇಲ್ಲದಿದ್ದರೆ ಎಂಥ ಕಾರಣ ಹೇಳಿದರೂ ಕಾಗದವಿಲ್ಲದೆ ನಡೆಯುವುದಿಲ್ಲ. ಟೈಫಾಯ್ಡ್, ಅಪಘಾತ, ಹೆರಿಗೆ, ಮನೆಯಲ್ಲಿ ಸಾವುನೋವು, ದುಡ್ಡಿನ ತಾಪತ್ರಯ: ಕಾರಣ ಯಾವುದೇ ಇರಲಿ, ಎಷ್ಟು ವಾರ ತಪ್ಪುತ್ತದೆ ಎನ್ನುವುದರ ಮೇಲೆ ದಾರಿ ಬೇರೆಯಾಗುತ್ತದೆ.

ಮೊದಲು ನಿಮ್ಮ ವಿಶ್ವವಿದ್ಯಾಲಯ ಯಾವುದೆಂದು ಖಚಿತ ಮಾಡಿಕೊಳ್ಳಿ. ಇದು ಗೊತ್ತಿಲ್ಲದವರೇ ಹೆಚ್ಚು. ಚಿಕ್ಕಮಗಳೂರು ಜಿಲ್ಲೆಯ ಬಿಎ, ಬಿಕಾಂ, ಬಿಎಸ್ಸಿ ಕಾಲೇಜುಗಳು ಶಂಕರಘಟ್ಟದ ಕುವೆಂಪು ವಿವಿಗೆ ಸೇರಿವೆ. ಹಾಸನ ಜಿಲ್ಲೆಯವು ಹಿಂದೆ ಮೈಸೂರು ವಿವಿಯಲ್ಲಿದ್ದವು. 2023ರಲ್ಲಿ ಹೇಮಗಂಗೋತ್ರಿಯಲ್ಲಿ ಹಾಸನ ವಿವಿ ಶುರುವಾದದ್ದರಿಂದ ಹಳೆಯ ಬ್ಯಾಚಿನವರ ದಾಖಲೆ ಒಂದು ಕಡೆ, ಹೊಸಬರದು ಇನ್ನೊಂದು ಕಡೆ. ಎರಡೂ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜುಗಳಿಗೆ ವಿಟಿಯು, ನರ್ಸಿಂಗ್ ಮತ್ತು ವೈದ್ಯಕೀಯಕ್ಕೆ ರಾಜೀವ್ ಗಾಂಧಿ ವಿವಿ, ಕಾನೂನಿಗೆ ಹುಬ್ಬಳ್ಳಿಯ ಕಾನೂನು ವಿವಿ, ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಬೀದರಿನ ವಿವಿ, ಮೂಡಿಗೆರೆಯ ತೋಟಗಾರಿಕೆ ಕಾಲೇಜಿಗೆ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿವಿ. ನಿಮ್ಮ ಮೊದಲ ಸೆಮಿಸ್ಟರಿನ ಅಂಕಪಟ್ಟಿಯ ತಲೆಯಲ್ಲಿ ಯಾವ ಹೆಸರಿದೆಯೋ ಅದರ ನಿಯಮವೇ ನಿಮಗೆ. ಕಾಲೇಜು ಸ್ವಾಯತ್ತವಾಗಿದ್ದರೆ ಅದರದೇ ನಿಯಮಪುಸ್ತಕ ಬೇರೆ ಇರುತ್ತದೆ, ಅದನ್ನೂ ಕೇಳಿ ಪಡೆಯಿರಿ.

ಹಾಜರಾತಿಯ ಲೆಕ್ಕ

ಸಾಮಾನ್ಯ ಪದವಿಗಳಲ್ಲಿ 75 ಶೇಕಡಾ ಬೇಕು. ಅದು ಒಟ್ಟು ಸರಾಸರಿಯಲ್ಲ, ಪ್ರತಿ ವಿಷಯಕ್ಕೂ ಪ್ರತ್ಯೇಕ. ವಿಟಿಯುನಲ್ಲಿ 85 ಶೇಕಡಾ. ಸಕಾರಣವಿದ್ದರೆ 10 ಶೇಕಡಾದವರೆಗೆ ವಿನಾಯಿತಿ ಕೊಡಬಹುದು, ಅದೂ ಪ್ರಾಂಶುಪಾಲರ ಮೂಲಕವೇ ಆಗಬೇಕು.

ಲೆಕ್ಕ ಹಾಕಿ ನೋಡಿ. ಒಂದು ವಿಷಯಕ್ಕೆ ವಾರಕ್ಕೆ 4 ಪೀರಿಯಡ್, 14 ವಾರ ಪಾಠ ನಡೆದರೆ 56 ಪೀರಿಯಡ್. 75 ಶೇಕಡಾ ಎಂದರೆ 42, ಅಂದರೆ 14 ಪೀರಿಯಡ್ ತಪ್ಪಬಹುದು. ಮೂರು ವಾರ ಮಲಗಿದರೆ 12 ಹೋಗುತ್ತದೆ, ಇನ್ನೆರಡು ಕೈಯಲ್ಲಿದೆ. ನಾಲ್ಕನೇ ವಾರವೂ ಹೋದರೆ 40ಕ್ಕೆ ಇಳಿದು 71 ಶೇಕಡಾ ಆಗುತ್ತದೆ. ಲ್ಯಾಬ್ ಇನ್ನೂ ಬಿಗಿ. ವಾರಕ್ಕೊಂದು ಬ್ಯಾಚ್ ಇದ್ದರೆ 14ರಲ್ಲಿ 11 ಬೇಕು, ಮೂರು ತಪ್ಪಬಹುದು, ನಾಲ್ಕನೆಯದೂ ತಪ್ಪಿದರೆ ಅಲ್ಲಿಗೆ ಮುಗಿಯಿತು. ಬಿಎಸ್ಸಿಯವರಿಗೆ ಹಾಜರಾತಿ ಕೊರತೆ ಮೊದಲು ಕಾಣಿಸುವುದು ಥಿಯರಿಯಲ್ಲಲ್ಲ, ಪ್ರಾಕ್ಟಿಕಲ್‌ನಲ್ಲಿ. ವಿಟಿಯುನ 85ರ ಲೆಕ್ಕದಲ್ಲಿ 56ಕ್ಕೆ 48 ಬೇಕು, ಎರಡು ವಾರದಲ್ಲೇ ಅಂಚಿಗೆ ಬಂದಿರುತ್ತೀರಿ.

ಮಲೆನಾಡಿನವರು ಒಂದು ಮಾತು ಗಮನಿಸಬೇಕು. ಜುಲೈ-ಆಗಸ್ಟಿನಲ್ಲಿ ಜಿಲ್ಲಾಧಿಕಾರಿಗಳು ಮಳೆ ರಜೆ ಘೋಷಿಸಿದಾಗ ಆದೇಶದಲ್ಲಿ ಬಹಳ ಸಲ ಅಂಗನವಾಡಿ, ಶಾಲೆ, ಪಿಯು ಕಾಲೇಜು ಎಂದಷ್ಟೇ ಇರುತ್ತದೆ. ಕೆಲವು ಸಲ ಕೆಲವೇ ತಾಲ್ಲೂಕುಗಳಿಗೆ ಇರುತ್ತದೆ. ವಾಟ್ಸಾಪಿನಲ್ಲಿ "ನಾಳೆ ರಜೆ" ಎಂದು ಬಂದದ್ದನ್ನು ನಂಬಿ ಕೊಪ್ಪದಲ್ಲಿ ಮನೆಯಲ್ಲುಳಿದರೆ, ಚಿಕ್ಕಮಗಳೂರಿನ ಪದವಿ ಕಾಲೇಜಿನಲ್ಲಿ ಆ ದಿನ ಗೈರುಹಾಜರಿಯೇ. ಆದೇಶದ ಫೋಟೋ ತೆರೆದು "ಪದವಿ" ಎಂಬ ಪದ ಇದೆಯೇ ನೋಡಿ. ರಸ್ತೆ ಕುಸಿದು ಬಸ್ಸೇ ಬರಲಿಲ್ಲವೆಂದರೆ ಅದೇ ವಾರ ಒಂದು ಪತ್ರ ಕೊಟ್ಟಿಡಿ. ಸೆಮಿಸ್ಟರ್ ಕೊನೆಯಲ್ಲಿ ಹೇಳಿದರೆ ಯಾರ ಕಿವಿಗೂ ಬೀಳುವುದಿಲ್ಲ.

ಡಿಸೆಂಬರ್-ಜನವರಿಯ ಕಾಫಿ ಕೊಯ್ಲಿಗೆ ಆಳಿಲ್ಲವೆಂದು ತೋಟದಲ್ಲಿ ನಿಲ್ಲುವುದು ನಿಜವಾದ ಕಷ್ಟವೇ. ಆದರೆ ಯಾವ ವಿನಾಯಿತಿಯ ಪಟ್ಟಿಯಲ್ಲೂ ಅದಕ್ಕೆ ಜಾಗವಿಲ್ಲ. ಕೊಯ್ಲಿಗೆ ಉಳಿಯಲೇಬೇಕೆಂದರೆ ಕೈಯಲ್ಲಿರುವ ಆ 14 ಪೀರಿಯಡ್ಡನ್ನೇ ಅದಕ್ಕೆ ಖರ್ಚು ಮಾಡಿ. ಅದಕ್ಕಾಗಿ ಸುಳ್ಳು ಮೆಡಿಕಲ್ ಸರ್ಟಿಫಿಕೇಟ್ ತರಬೇಡಿ. ಮುಂದೆ ನಿಜವಾಗಿ ಜ್ವರ ಬಂದಾಗ ನಿಮ್ಮನ್ನು ನಂಬುವವರಿರುವುದಿಲ್ಲ.

ಒಂದು ತಿಂಗಳೊಳಗಿನ ಗೈರುಹಾಜರಿ

ಇಲ್ಲಿ ಬೇಕಾದದ್ದು ಹಾಜರಾತಿ ವಿನಾಯಿತಿ, ಆಫೀಸಿನ ಮಾತಿನಲ್ಲಿ ಕಂಡೋನೇಷನ್. ವೈದ್ಯಕೀಯ ಪ್ರಮಾಣಪತ್ರದಲ್ಲಿ ನಾಲ್ಕು ಸಂಗತಿ ಇರಲೇಬೇಕು: ಕಾಯಿಲೆಯ ಹೆಸರು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ವಿಶ್ರಾಂತಿ, ವೈದ್ಯರ ನೋಂದಣಿ ಸಂಖ್ಯೆ, ಸೀಲು. ಆಸ್ಪತ್ರೆಗೆ ಸೇರಿದ್ದರೆ ಡಿಸ್ಚಾರ್ಜ್ ಸಾರಾಂಶದ ಪ್ರತಿ, ಮರಳುವಾಗ ಫಿಟ್‌ನೆಸ್ ಸರ್ಟಿಫಿಕೇಟ್. ತಿರಸ್ಕಾರವಾಗುವುದು ಬಹುಪಾಲು ದಿನಾಂಕದ ಕಾರಣಕ್ಕೆ. ಹತ್ತು ದಿನ ಆಸ್ಪತ್ರೆಯಲ್ಲಿದ್ದು ಒಂದು ತಿಂಗಳು ಬಾರದಿದ್ದರೆ ಮಿಕ್ಕ ಇಪ್ಪತ್ತು ದಿನಕ್ಕೆ ಕಾಗದವೇ ಇರುವುದಿಲ್ಲ. ಕೊಪ್ಪ, ಎನ್.ಆರ್.ಪುರದ ಕಡೆ ಬೇಸಿಗೆಯಲ್ಲಿ ಮಂಗನ ಕಾಯಿಲೆ ಬಂದವರಿಗೆ ಜ್ವರ ಇಳಿದ ಮೇಲೂ ನಿಶ್ಶಕ್ತಿ ವಾರಗಟ್ಟಲೆ ಇರುತ್ತದೆ, ಕೆಲವರಿಗೆ ಜ್ವರ ಬಿಟ್ಟು ಮತ್ತೆ ಬರುತ್ತದೆ. ಆ ಚೇತರಿಕೆಯ ದಿನಗಳನ್ನೂ ವೈದ್ಯರಿಂದ ಬರೆಸಿಕೊಳ್ಳಿ.

ಪತ್ರ ಕೊಡುವುದು ವಿಭಾಗದ ಮುಖ್ಯಸ್ಥರ ಸಹಿಯೊಂದಿಗೆ ಪ್ರಾಂಶುಪಾಲರಿಗೆ. ಎರಡು ಪ್ರತಿ ಒಯ್ಯಿರಿ, ಟಪಾಲು ವಿಭಾಗದಲ್ಲಿ ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಮೇಷ್ಟ್ರ ಕೈಗೆ ಕೊಟ್ಟು ಬಂದ ಪತ್ರ ಮೇಷ್ಟ್ರ ಟೇಬಲ್ಲಿನಲ್ಲೇ ಉಳಿಯುತ್ತದೆ.

ಎನ್‌ಸಿಸಿ ಶಿಬಿರ, ಎನ್‌ಎಸ್‌ಎಸ್, ವಿವಿ ಮಟ್ಟದ ಕ್ರೀಡೆಗೆ ಹೋಗುವವರು ಹೊರಡುವ ಮುಂಚೆಯೇ ಅನುಮತಿ ಪಡೆಯಬೇಕು. ಬಂದ ಮೇಲೆ ಭಾಗವಹಿಸಿದ ಪ್ರಮಾಣಪತ್ರವನ್ನು ಪ್ರತಿ ವಿಷಯದ ಅಧ್ಯಾಪಕರಿಗೂ ತೋರಿಸಿ ಹಾಜರಾತಿ ಸೇರಿಸಿಕೊಳ್ಳಬೇಕು.

ಹೆರಿಗೆಯ ವಿಷಯದಲ್ಲಿ ಬಹಳ ಹೆಣ್ಣುಮಕ್ಕಳು ಕೇಳದೆಯೇ ಓದು ಬಿಟ್ಟುಬಿಡುತ್ತಾರೆ. ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ಹೆರಿಗೆ ರಜೆ, ಹಾಜರಾತಿ ಸಡಿಲಿಕೆ, ಪರೀಕ್ಷಾ ಅರ್ಜಿಯ ದಿನಾಂಕ ವಿಸ್ತರಣೆ ಕೊಡಲು ನಿಯಮ ರೂಪಿಸಿ ಎಂದು ಯುಜಿಸಿ 2021ರ ಡಿಸೆಂಬರಿನಲ್ಲೇ ಎಲ್ಲ ವಿವಿಗಳಿಗೆ ಬರೆದಿದೆ. ಅರ್ಜಿಯಲ್ಲಿ ಈ ಪತ್ರವನ್ನು ಉಲ್ಲೇಖಿಸಿ, ತಾಯಿ ಕಾರ್ಡಿನ ಪ್ರತಿ ಇಡಿ, ಏಳನೇ ತಿಂಗಳೊಳಗೆ ಕೊಡಿ. ಹೆರಿಗೆ ದಿನಾಂಕ ಪರೀಕ್ಷೆಯ ವಾರದಲ್ಲೇ ಬಿದ್ದರೆ ಮುಂದಿನ ದಾರಿ ನೋಡಿ.

ಪರೀಕ್ಷೆ ಬಿಡುವುದೇ, ಸೆಮಿಸ್ಟರ್ ಬಿಡುವುದೇ

ಇವೆರಡೂ ಒಂದೇ ಎಂದುಕೊಂಡು ವರ್ಷ ಕಳೆದುಕೊಳ್ಳುವವರಿದ್ದಾರೆ. ಹಾಜರಾತಿ ತುಂಬಿದ್ದು ಆಂತರಿಕ ಅಂಕಗಳೂ ದಾಖಲಾಗಿದ್ದರೆ, ಪರೀಕ್ಷೆ ಬರೆಯದಿದ್ದರೂ ಅದು ಬಾಕಿ ವಿಷಯವಾಗುತ್ತದೆ ಅಷ್ಟೆ. ಮುಂದಿನ ಸೆಮಿಸ್ಟರಿಗೆ ಸಾಮಾನ್ಯವಾಗಿ ಹೋಗಬಹುದು, ಬಾಕಿಯನ್ನು ಆಮೇಲೆ ರಿಪೀಟರ್ ಆಗಿ ಬರೆಯಬಹುದು. ಹಾಜರಾತಿಯೇ ಇಲ್ಲದಿದ್ದರೆ ಆ ಸೆಮಿಸ್ಟರನ್ನು ಮತ್ತೆ ಕೂತು ಓದಬೇಕು, ಮತ್ತು ಆ ಸೆಮಿಸ್ಟರ್ ನಡೆಯುವುದು ಮುಂದಿನ ವರ್ಷ. ಆದ್ದರಿಂದ ಕೊನೆಯ ಮೂರು ವಾರದಲ್ಲಿ ಕಷ್ಟ ಬಂದರೆ ಪರೀಕ್ಷೆ ಬೇಕಾದರೆ ಹೋಗಲಿ, ಹಾಜರಾತಿ ಮತ್ತು ಆಂತರಿಕ ಅಂಕ ಉಳಿಸಿಕೊಳ್ಳಿ. ವಿವಿಗಳ ಆನ್‌ಲೈನ್ ದಾಖಲೆ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿ ನಿಮ್ಮ ಆಂತರಿಕ ಅಂಕ ದಾಖಲಾಗಿದೆಯೇ ಎಂದು ಕಾಲೇಜಿನಲ್ಲಿ ಕೇಳಿಯೇ ಹೊರಡಿ.

ಒಂದು ಸೆಮಿಸ್ಟರೋ ಒಂದು ವರ್ಷವೋ ಪೂರ್ತಿ ಬೇಕಾದರೆ ಅದು ವ್ಯಾಸಂಗ ವಿರಾಮ. ಹೋಗುವ ಮೊದಲು ಪತ್ರ ಕೊಡಬೇಕು. ಪತ್ರ ಹೀಗಿದ್ದರೆ ಸಾಕು:

"ವಿಷಯ: ಮೂರನೇ ಸೆಮಿಸ್ಟರ್ ವ್ಯಾಸಂಗಕ್ಕೆ ತಾತ್ಕಾಲಿಕ ವಿರಾಮ ಹಾಗೂ ಮುಂದಿನ ಸಾಲಿನಲ್ಲಿ ಮರುಪ್ರವೇಶಕ್ಕೆ ಅನುಮತಿ ಕೋರಿ. ಮಾನ್ಯರೇ, ನಾನು ದ್ವಿತೀಯ ಬಿಕಾಂ ವಿದ್ಯಾರ್ಥಿ, ನೋಂದಣಿ ಸಂಖ್ಯೆ ಇಂತಿಷ್ಟು. ಲಗತ್ತಿಸಿದ ದಾಖಲೆಯಲ್ಲಿರುವ ಕಾರಣದಿಂದ ಈ ಸೆಮಿಸ್ಟರ್ ಮುಂದುವರಿಸಲು ಆಗುತ್ತಿಲ್ಲ. ನಾನು ಪ್ರವೇಶ ರದ್ದು ಕೋರುತ್ತಿಲ್ಲ. ಮುಂದಿನ ಶೈಕ್ಷಣಿಕ ಸಾಲಿನಲ್ಲಿ ಇದೇ ಸೆಮಿಸ್ಟರಿಗೆ ಮರುಪ್ರವೇಶ ನೀಡಬೇಕೆಂದು, ಅಗತ್ಯವಿದ್ದಲ್ಲಿ ವಿಶ್ವವಿದ್ಯಾಲಯಕ್ಕೆ ಶಿಫಾರಸು ಮಾಡಬೇಕೆಂದು ಕೋರುತ್ತೇನೆ."

"ರದ್ದು ಕೋರುತ್ತಿಲ್ಲ" ಎಂಬ ಸಾಲನ್ನು ಬಿಡಬೇಡಿ. ಟಿಸಿಯನ್ನಂತೂ ತೆಗೆದುಕೊಳ್ಳಲೇಬೇಡಿ. ಮನೆಯವರು "ಹೇಗೂ ಹೋಗಲ್ಲವಲ್ಲ, ಕಾರ್ಡುಗಳನ್ನೆಲ್ಲ ಇಸ್ಕೊಂಡು ಬಾ" ಎನ್ನುತ್ತಾರೆ. ಟಿಸಿ ಕೈಗೆ ಬಂದರೆ ನೀವು ಆ ಕಾಲೇಜಿನವರಲ್ಲ, ಮರಳುವಾಗ ಸೀಟು ಖಾಲಿ ಇದ್ದರೆ ಮಾತ್ರ ಅವಕಾಶ. ಎಸ್ಸೆಸ್ಸೆಲ್ಸಿ, ಪಿಯು ಅಂಕಪಟ್ಟಿ ಬೇಕಾದರೆ ತಾತ್ಕಾಲಿಕವಾಗಿ ಕೇಳಿ ಪಡೆಯಿರಿ.

ಮರಳುವಾಗ ತರಗತಿ ಆರಂಭಕ್ಕೆ ಮುಂಚೆಯೇ ಹಳೆಯ ಪತ್ರದ ಪ್ರತಿ, ಕೊನೆಯ ಅಂಕಪಟ್ಟಿ, ಶುಲ್ಕ ರಸೀದಿ ಹಿಡಿದು ಹೋಗಿ. ವಿರಾಮದ ಬಗ್ಗೆ ಅಫಿಡವಿಟ್ ಕೇಳಬಹುದು, ನೋಟರಿ ಬಳಿ ಆಗುತ್ತದೆ. ದೊಡ್ಡ ತೊಡಕು ಪಠ್ಯಕ್ರಮದ್ದು. ಕರ್ನಾಟಕದಲ್ಲಿ 2021-22ರಿಂದ 2023-24ರವರೆಗೆ ಸೇರಿದವರು ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬ್ಯಾಚು, 2024-25ರಿಂದ ಮೂರು ವರ್ಷದ ರಾಜ್ಯ ಪಠ್ಯಕ್ರಮ. 2023ರಲ್ಲಿ ಸೇರಿ ಒಂದು ವರ್ಷ ಬಿಟ್ಟವರು ಮರಳಿದಾಗ ಪಕ್ಕದ ಬೆಂಚಿನವರ ವಿಷಯಗಳೇ ಬೇರೆ. ಯಾವ ಪತ್ರಿಕೆ ತತ್ಸಮಾನ, ಯಾವುದನ್ನು ಹೊಸದಾಗಿ ಓದಬೇಕು ಎಂಬುದನ್ನು ಕಾಲೇಜಿನ ಮೂಲಕ ಕುಲಸಚಿವರಿಗೆ, ಪರೀಕ್ಷೆಯ ವಿಷಯವಾದರೆ ಮೌಲ್ಯಮಾಪನ ಕುಲಸಚಿವರಿಗೆ ಬರೆಸಿ ಲಿಖಿತ ಉತ್ತರ ಪಡೆಯಿರಿ. ಬಾಯಿಮಾತಿನ ಭರವಸೆ ಮೇಲೆ ಓದಿದರೆ ಕೊನೆಯ ಸೆಮಿಸ್ಟರಿನಲ್ಲಿ ಕ್ರೆಡಿಟ್ ಕಡಿಮೆ ಬಿದ್ದದ್ದು ಗೊತ್ತಾಗುತ್ತದೆ. ಒಟ್ಟು ಗಡುವೂ ಇದೆ: ವಿಟಿಯುನಲ್ಲಿ ಬಿಇ ಮುಗಿಸಲು 8 ವರ್ಷ, ಡಿಪ್ಲೊಮಾದಿಂದ ನೇರ ಎರಡನೇ ವರ್ಷಕ್ಕೆ ಸೇರಿದವರಿಗೆ 6. ವಿರಾಮದ ವರ್ಷವೂ ಇದರೊಳಗೇ ಕರಗುತ್ತದೆ ಎಂದು ಲೆಕ್ಕವಿಟ್ಟುಕೊಳ್ಳಿ.

ದುಡ್ಡಿನ ಕಡೆ ಮೂರು ಪೆಟ್ಟು. ಒಂದೇ ತರಗತಿಗೆ ಎರಡನೇ ಸಲ ವಿದ್ಯಾರ್ಥಿವೇತನ ಸಾಮಾನ್ಯವಾಗಿ ಬರುವುದಿಲ್ಲ. ಬಿಸಿಎಂ ಅಥವಾ ಸಮಾಜ ಕಲ್ಯಾಣ ಹಾಸ್ಟೆಲಿನ ಸೀಟು ವಿರಾಮದಲ್ಲಿ ಉಳಿಯುವುದಿಲ್ಲ, ಮತ್ತೆ ಅರ್ಜಿ ಹಾಕಬೇಕು. ಶಿಕ್ಷಣ ಸಾಲವಿದ್ದರೆ ಬ್ಯಾಂಕಿಗೆ ಆಗಲೇ ತಿಳಿಸಿ. ಸಾಮಾನ್ಯ ಯೋಜನೆಯಲ್ಲಿ ಓದು ತಡವಾದರೆ ಗರಿಷ್ಠ ಎರಡು ವರ್ಷ ವಿಸ್ತರಿಸಲು ಅವಕಾಶವಿದೆ. ಹೇಳದಿದ್ದರೆ ಹಳೆಯ ದಿನಾಂಕಕ್ಕೇ ಕಂತು ಶುರುವಾಗುತ್ತದೆ.

ಮರಳಿ ಬರಲಾಗದವರಿಗೆ

ಊರು ಬಿಡಲಾಗದು, ಕೆಲಸ ಬಿಡಲಾಗದು ಎನ್ನುವವರಿಗೆ ಮೈಸೂರಿನ ಮುಕ್ತ ವಿವಿ ಇದೆ. ಹಾಸನ, ಚಿಕ್ಕಮಗಳೂರು ಎರಡರಲ್ಲೂ ಅದರ ಪ್ರಾದೇಶಿಕ ಕೇಂದ್ರವಿದೆ, ಜುಲೈ ಮತ್ತು ಜನವರಿ ಆವೃತ್ತಿಗಳಲ್ಲಿ ಪ್ರವೇಶ. ರೆಗ್ಯುಲರ್‌ನಲ್ಲಿ ಗಳಿಸಿದ ಕ್ರೆಡಿಟ್ಟು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ಆನ್‌ಲೈನ್ ಖಾತೆಯಲ್ಲಿ ಜಮೆಯಾಗಿದ್ದರೆ ಏಳು ವರ್ಷದವರೆಗೆ ಜೀವಂತ. ಡಿಜಿಲಾಕರ್ ತೆರೆದು ನಿಮ್ಮ ಖಾತೆಯಲ್ಲಿ ಅದು ಕಾಣುತ್ತಿದೆಯೇ ನೋಡಿ. ಖಾತೆ ಇದ್ದೂ ಖಾಲಿ ಇದ್ದರೆ ಕಾಲೇಜಿನಲ್ಲಿ ಕೊಟ್ಟ ಹೆಸರು ಮತ್ತು ಆಧಾರಿನ ಹೆಸರು ಹೊಂದಿಲ್ಲದಿರುವುದೇ ಬಹುಪಾಲು ಕಾರಣ, ಇನಿಷಿಯಲ್ ಹಿಂದೆಮುಂದೆ ಆದರೂ ಸಾಕು. ಎಷ್ಟು ಕ್ರೆಡಿಟ್ ಒಪ್ಪಿಕೊಳ್ಳಬೇಕೆಂಬುದು ಸೇರುವ ವಿವಿಯ ತೀರ್ಮಾನ, ಶುಲ್ಕ ಕಟ್ಟುವ ಮುಂಚೆ ಕೇಳಿ.

ಕಾಲೇಜು ಬದಲಿಸುವುದಾದರೆ ಮೂರನೇ ಅಥವಾ ಐದನೇ ಸೆಮಿಸ್ಟರಿನ ಆರಂಭವೇ ಸರಿಯಾದ ಹೊತ್ತು. ಬೇಲೂರಿನಿಂದ ಹಾಸನಕ್ಕೆ ಹೋಗುವುದು ಒಂದೇ ವಿವಿಯೊಳಗಿನ ಕೆಲಸ, ಎರಡೂ ಕಾಲೇಜಿನ ಒಪ್ಪಿಗೆಯೊಂದಿಗೆ ನಡೆಯುತ್ತದೆ. ಬೇಲೂರಿನಿಂದ ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ಹಾದಿಯಾದರೂ ಕಾಗದದಲ್ಲಿ ಅದು ಬೇರೆ ವಿವಿ. ವಲಸೆ ಪ್ರಮಾಣಪತ್ರ, ಅರ್ಹತಾ ಪ್ರಮಾಣಪತ್ರ ಎರಡೂ ಬೇಕು, ಪಠ್ಯಕ್ರಮದ ತಾಳೆಯೂ ಆಗಬೇಕು. ಆ ಕೆಲಸವನ್ನು ರಜೆಯ ಮೊದಲ ವಾರದಲ್ಲೇ ಶುರುಮಾಡಿ.