ಸುಣ್ಣದ ಗೆರೆಯ 200 ಮೀಟರ್: ಮೈಸೂರಿನಲ್ಲಿ ಒಳಾಂಗಣ ಓಟದ ತಯಾರಿ

ಮೈಸೂರಿನಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇದೆ, ನಜರಬಾದಿನ ಚಾಮುಂಡಿ ವಿಹಾರದಲ್ಲಿ. ಆದರೆ ಅದು ಬಯಲಿನ 400 ಮೀಟರ್ ಟ್ರ್ಯಾಕು. ವಿಶ್ವ ಒಳಾಂಗಣ, ಏಷ್ಯನ್ ಒಳಾಂಗಣ ಚಾಂಪಿಯನ್‌ಷಿಪ್‌ಗಳ ಟ್ರ್ಯಾಕು 200 ಮೀಟರಿನದು. ತಿರುವುಗಳು ಹೊರಕ್ಕೆ ಓರೆಯಾಗಿ ಎದ್ದಿರುತ್ತವೆ. ದೇಶದ ಮೊದಲ ಒಳಾಂಗಣ ಅಥ್ಲೆಟಿಕ್ಸ್ ಕೇಂದ್ರ ಇರುವುದು ಭುವನೇಶ್ವರದಲ್ಲಿ. ವಾರವಾರ ಹೋಗಿಬರುವ ದೂರವಲ್ಲ. ಆದ್ದರಿಂದ ನಾವು ಹುಲ್ಲಿನ ಮೈದಾನದ ಮೇಲೆ ಸುಣ್ಣದಲ್ಲಿ 200 ಮೀಟರ್ ಎಳೆದುಕೊಂಡು ಅಭ್ಯಾಸ ಮಾಡಿಸುತ್ತೇವೆ. ಸೂರು ಇಲ್ಲದಿದ್ದರೂ ನಡೆಯುತ್ತದೆ, ತಿರುವು ಇಲ್ಲದೆ ನಡೆಯುವುದಿಲ್ಲ.

ಕಾರಣ ಲೆಕ್ಕದಲ್ಲೇ ಇದೆ. ಸೆಕೆಂಡಿಗೆ 8 ಮೀಟರ್, ಅಂದರೆ 400 ಮೀಟರನ್ನು 50 ಸೆಕೆಂಡಿನಲ್ಲಿ ಮುಗಿಸುವ ವೇಗ. ಬಯಲಿನ ಟ್ರ್ಯಾಕಿನ 36.5 ಮೀಟರ್ ತ್ರಿಜ್ಯದ ತಿರುವಿನಲ್ಲಿ ಈ ವೇಗಕ್ಕೆ ಮೈ ಸುಮಾರು 10 ಡಿಗ್ರಿ ಒಳಕ್ಕೆ ವಾಲಿದರೆ ಸಾಕು. 200 ಮೀಟರ್ ಟ್ರ್ಯಾಕಿನ 17 ಮೀಟರ್ ತ್ರಿಜ್ಯದಲ್ಲಿ ಅದೇ ವೇಗಕ್ಕೆ ಸುಮಾರು 21 ಡಿಗ್ರಿ ಬೇಕು. ನೆಲವೇ 10 ಡಿಗ್ರಿ ಓರೆಯಾಗಿದ್ದರೆ ಅರ್ಧ ಕೆಲಸ ನೆಲ ಮಾಡಿಕೊಡುತ್ತದೆ. ಸಮತಟ್ಟು ಹುಲ್ಲಿನಲ್ಲಿ ಪಾದದ ಕೀಲುಗಳು ಪಕ್ಕಕ್ಕೆ ಬಾಗಿಕೊಂಡೇ ಪೂರ್ತಿ ಭಾರ ಹೊರಬೇಕು. ಮಣ್ಣು ಸುರಿದು ಓರೆ ಕಟ್ಟಿದರಾಗದೇ ಎಂದು ಕೇಳುವವರಿದ್ದಾರೆ. 6 ಮೀಟರ್ ಅಗಲಕ್ಕೆ 10 ಡಿಗ್ರಿ ಎಂದರೆ ಹೊರ ಅಂಚು 1 ಮೀಟರಿಗಿಂತ ಎತ್ತರ ಏಳಬೇಕು; ಒಂದು ಮಳೆಗಾಲವೂ ನಿಲ್ಲುವುದಿಲ್ಲ.

ಗುರುತು ಹಾಕುವ ಕ್ರಮ ಹೀಗೆ. 45.96 ಮೀಟರ್ ಅಂತರದಲ್ಲಿ ಎರಡು ಗೂಟ. ಒಂದೊಂದನ್ನೂ ಕೇಂದ್ರವಾಗಿ ಇಟ್ಟುಕೊಂಡು 17 ಮೀಟರ್ ತ್ರಿಜ್ಯದ ಅರ್ಧವೃತ್ತ ಎಳೆಯಬೇಕು. ದೂರ ಅಳೆಯುವುದು ಈ ಗೆರೆಯ ಮೇಲಲ್ಲ, ಅದರಿಂದ 20 ಸೆಂಟಿಮೀಟರ್ ಹೊರಗೆ. ಅಲ್ಲಿ ಒಂದು ತಿರುವು 54.04 ಮೀಟರ್ ಬರುತ್ತದೆ. ಎರಡು ತಿರುವು, ಎರಡು ನೇರ ಸೇರಿದರೆ ಸರಿಯಾಗಿ 200. ನೇರ ಗೆರೆ ಲಂಬವಾಗಿ ಹೊರಡಲು 6, 8, 10 ಮೀಟರಿನ ತ್ರಿಕೋನ ಹಾಕಿ. ನೈಲಾನ್ ಹಗ್ಗ ಬೇಡ, ಎಳೆದಷ್ಟೂ ಹಿಗ್ಗುತ್ತದೆ. ಸ್ಟೀಲ್ ಟೇಪೇ ಆಗಬೇಕು. ಟೇಪನ್ನು ಗೂಟಕ್ಕೆ ಸುತ್ತಬಾರದು. ಗೂಟದ ತಲೆಗೆ ಮೊಳೆ ಹೊಡೆದು ಅದಕ್ಕೆ ಸಿಕ್ಕಿಸಿ. ತ್ರಿಜ್ಯದಲ್ಲಿ 5 ಸೆಂಟಿಮೀಟರ್ ತಪ್ಪಿದರೆ ಸುತ್ತಿಗೆ 31 ಸೆಂಟಿಮೀಟರ್ ಹೋಯಿತು. ಲೇನ್ ಅಗಲ 1 ಮೀಟರ್, ಹಾಗಾಗಿ ಒಂದು ಸುತ್ತಿಗೆ ಲೇನಿಂದ ಲೇನಿಗೆ ಸ್ಟ್ಯಾಗರ್, ಅಂದರೆ ಹೊರ ಲೇನಿನವರನ್ನು ಮುಂದೆ ನಿಲ್ಲಿಸುವ ಅಂತರ, 6.28 ಮೀಟರ್. ಬಯಲಿನ ಟ್ರ್ಯಾಕಿನ 7.04, 7.67 ಬಾಯಿಪಾಠವಾದವರು ಇಲ್ಲಿಯೂ ಅದನ್ನೇ ಹಾಕಿಬಿಡುತ್ತಾರೆ.

ಈ ತಿರುವಿನ ಅಭ್ಯಾಸ ವಾರಕ್ಕೆ ಒಂದೇ ದಿನ. 80 ಮೀಟರಿನ ಆರು ಓಟ, ನೇರದಲ್ಲಿ 20 ಮೀಟರ್ ಹಿಂದಿನಿಂದ ಹೊರಟು ಪೂರ್ತಿ ತಿರುವು ದಾಟುವಷ್ಟು; ವೇಗ ಶೇ 85 ದಾಟಬಾರದು. ಆರರಲ್ಲಿ ಎರಡು ಓಟ ಗಡಿಯಾರದ ದಿಕ್ಕಿನಲ್ಲಿ, ಎರಡೂ ಕಾಲಿಗೆ ಭಾರ ಹಂಚಲಿ ಎಂದು. ಇದನ್ನು ಮೀರಿಸಿದರೆ ಹತ್ತು ದಿನದೊಳಗೆ ಎಡಗಾಲಿನ ಶಿನ್ (ಮೊಣಕಾಲ ಕೆಳಗಿನ ಮುಂಭಾಗದ ಎಲುಬು) ನೋವು ಖಾತ್ರಿ. ಡಿಸೆಂಬರಿನಲ್ಲಿ ಹುಲ್ಲಿನ ಮೇಲೆ ಇಬ್ಬನಿ ಇರುವಾಗ ಬೇಡ, ಎಂಟು ಗಂಟೆ ಕಳೆಯಲಿ. ಎಲ್ಲರೂ ಮಾಡುವ ತಪ್ಪು ಸೊಂಟದಿಂದ ವಾಲುವುದು. ಪಾದದಿಂದ ತಲೆಯವರೆಗೆ ಮೈ ಒಂದೇ ಕೋಲಿನ ಹಾಗೆ ವಾಲಬೇಕು. ಎಡಗೈ ಮೈಗೆ ಹತ್ತಿರ, ಬಲಗೈ ಬೀಸು ಸ್ವಲ್ಪ ಉದ್ದ, ಕಣ್ಣು ಹತ್ತು ಮೀಟರ್ ಮುಂದೆ.

400 ಮೀಟರಿನವರಿಗೆ ತಿರುವಿನ ಜೊತೆ ಲೆಕ್ಕಾಚಾರವೂ ಬೇಕು. ಒಳಾಂಗಣದಲ್ಲಿ ಮೊದಲ ಎರಡು ತಿರುವು ಮಾತ್ರ ಅವರವರ ಲೇನಿನಲ್ಲಿ. ಆಮೇಲೆ ಎಲ್ಲರೂ ಒಳಕ್ಕೆ ನುಗ್ಗುತ್ತಾರೆ. ಅಲ್ಲಿ ಮುಂದಿದ್ದವರನ್ನು ಹಿಂದಿಕ್ಕುವುದು ಕಷ್ಟ, ಏಕೆಂದರೆ ಎರಡನೇ ಲೇನಿನಲ್ಲಿ ತಿರುವು ದಾಟಿದರೆ ಪ್ರತಿ ತಿರುವಿಗೂ 3 ಮೀಟರಿಗಿಂತ ಹೆಚ್ಚು ಓಡಿದಂತೆ. ಕೊನೆಯಲ್ಲಿ ನೋಡಿಕೊಳ್ಳೋಣ ಎನ್ನುವ ಬಯಲಿನ ಚಾಳಿ ಇಲ್ಲಿ ನಡೆಯುವುದಿಲ್ಲ. 48 ಸೆಕೆಂಡಿನ ಗುರಿ ಇದ್ದರೆ ಮೊದಲ ಸುತ್ತು 23ರ ಒಳಗೆ ಎಂದು ನಾವು ಇಟ್ಟುಕೊಳ್ಳುತ್ತೇವೆ. 5, 6ನೇ ಲೇನ್ ಸಿಕ್ಕರೆ ಪುಣ್ಯ: ತಿರುವು ಸಡಿಲ, ಇಳಿಜಾರಿನಿಂದ ಒಳಗೆ ಜಾರುವಾಗ ವೇಗವೂ ಸಿಗುತ್ತದೆ. ಒಳ ಲೇನಿನ ಈ ಅನ್ಯಾಯ ನೀಗದ್ದರಿಂದಲೇ ವಿಶ್ವ ಒಳಾಂಗಣದಲ್ಲಿ 200 ಮೀಟರ್ ಸ್ಪರ್ಧೆಯನ್ನು 2004ರ ನಂತರ ಕೈಬಿಟ್ಟರು.

60 ಮೀಟರಿಗೆ ತಿರುವಿಲ್ಲ, ಗಾಳಿಯೂ ಇಲ್ಲ. ಅಲ್ಲಿನ ತೊಂದರೆ ನಿಲ್ಲುವುದು. ಗುರಿ ಗೆರೆಯಾಚೆ 10-15 ಮೀಟರ್ ಜಾಗ, ಆಮೇಲೆ ಮೆತ್ತೆ ಕಟ್ಟಿದ ಗೋಡೆ. ಬಯಲಿನಲ್ಲಿ ಮೂವತ್ತು, ನಲವತ್ತು ಮೀಟರ್ ಆರಾಮಾಗಿ ಹೋಗಿ ನಿಂತು ರೂಢಿಯಾದವರಿಗೆ ಗೋಡೆ ಕಂಡ ಕೂಡಲೇ, 55ನೇ ಮೀಟರಿನಲ್ಲೇ, ಕಾಲು ಹಿಂಜರಿಯುತ್ತದೆ. ಹೋಗುವ ಸಮಯ ಅಲ್ಲೇ ಹೋಗುತ್ತದೆ. ಹೈಜಂಪಿನ ಮೆತ್ತೆಯನ್ನು ಗುರಿಯಿಂದ 13 ಮೀಟರ್ ಆಚೆ ನೆಟ್ಟಗೆ ನಿಲ್ಲಿಸಿ ಕಂಬಕ್ಕೆ ಬಿಗಿಯಾಗಿ ಕಟ್ಟಿ. ಜನರ ಕೈಲಿ ಹಿಡಿಸಬೇಡಿ. ಮೊದಲ ವಾರ 30 ಮೀಟರ್ ಅರ್ಧ ವೇಗದಲ್ಲಿ, ಆಮೇಲೆ ಏರಿಸುತ್ತಾ ಹೋಗಿ. ಹಿಮ್ಮಡಿ ಊರಿ ತಡೆಯಬಾರದು. ಗುರಿ ದಾಟಿದ ಮೇಲೆ ಹೆಜ್ಜೆ ಚಿಕ್ಕದಾಗಲಿ, ಮೊಣಕೈ ಮಡಚಿ ಅಂಗೈ ಮುಂದಿಟ್ಟು ಮೆತ್ತೆಗೆ ಒರಗಲಿ.

ಹರ್ಡಲ್ಸ್‌ನವರಿಗೆ ಕೆಲಸ ಹಗುರ. ಮಹಿಳೆಯರಿಗೆ ಮೊದಲ ಹರ್ಡಲ್‌ವರೆಗೆ 13 ಮೀಟರ್, ನಡುವೆ 8.5, ಬಯಲಿನ ಅಳತೆಯೇ. ಹತ್ತರ ಬದಲು ಐದು ಹರ್ಡಲ್ ಅಷ್ಟೆ. 2024ರಲ್ಲಿ ತೆಹ್ರಾನಿನ ಏಷ್ಯನ್ ಒಳಾಂಗಣದಲ್ಲಿ ಜ್ಯೋತಿ ಯರ್ರಾಜಿ 8.12 ಸೆಕೆಂಡಿಗೆ ಚಿನ್ನ ಗೆದ್ದದ್ದು ಇದೇ ಐದು ಹರ್ಡಲ್ ಮೇಲೆ. ಐದೇ ಇರುವುದರಿಂದ ಮೊದಲನೆಯದಕ್ಕೆ ತಡವಾದರೆ ಸರಿಪಡಿಸಿಕೊಳ್ಳಲು ದೂರವೇ ಉಳಿಯುವುದಿಲ್ಲ. ಬ್ಲಾಕಿನಿಂದ, ಅಂದರೆ ಹೊರಡುವಾಗ ಪಾದ ಒತ್ತುವ ಹಲಗೆಯಿಂದ, ಮೊದಲ ಹರ್ಡಲ್‌ವರೆಗಿನ ಎಂಟು ಹೆಜ್ಜೆಗೇ ಅರ್ಧ ಅಭ್ಯಾಸ ಮೀಸಲಿಡುತ್ತೇವೆ.

ಇನ್ನು ಕಾಯುವುದು. ವಾರ್ಮಪ್ ಮುಗಿಸಿದವರನ್ನು ಕಾಲ್ ರೂಮಿನಲ್ಲಿ, ಅಂದರೆ ಓಟಕ್ಕೆ ಮುಂಚೆ ಹಾಜರಿ ಹಾಕಿ ಕಾಯುವ ಕೋಣೆಯಲ್ಲಿ, ಕೂರಿಸುತ್ತಾರೆ, ಮೈ ತಣ್ಣಗಾಗುತ್ತದೆ. ಅದಕ್ಕೂ ಅಭ್ಯಾಸ ಬೇಕು: ವಾರ್ಮಪ್ ಮಾಡಿಸಿ 25 ನಿಮಿಷ ಕುರ್ಚಿಯಲ್ಲಿ ಕೂರಿಸಿ, ಎರಡೇ ಸ್ಟ್ರೈಡ್ (ಮೈ ಸಡಿಲಿಸುವ ಚಿಕ್ಕ ಓಟ) ಕೊಟ್ಟು ನೇರ ಬ್ಲಾಕಿಗೆ. ಜನವರಿಯ ಬೆಳಗಿನ ಚಳಿ ಇಲ್ಲಿ ಒಳ್ಳೆಯ ಸಹಾಯಕ. ದೊಡ್ಡ ಕೂಟಗಳಲ್ಲಿ ಪಿಸ್ತೂಲಿನ ಸದ್ದು ಬ್ಲಾಕಿನ ಹಿಂದಿನ ಸ್ಪೀಕರಿನಿಂದ ಬರುತ್ತದೆ. ಚಪ್ಪಾಳೆಯ ಬದಲು ಒಂದು ಬ್ಲೂಟೂತ್ ಸ್ಪೀಕರನ್ನು ಹಿಂದೆ ಇಟ್ಟು ಅಭ್ಯಾಸ ಮಾಡಿಸಿ.

ಸ್ಪೈಕ್ ಬಗ್ಗೆ ಒಂದು ಮಾತು. ಮಂಡ್ಯ ಕಡೆಯ ಮಣ್ಣಿನ ಮೈದಾನಗಳಿಂದ ಬರುವವರ ಬೂಟಿನಲ್ಲಿ ಉದ್ದನೆಯ ಮೊಳೆಗಳಿರುತ್ತವೆ. ಸಿಂಥೆಟಿಕ್‌ಗೆ ಓಟದಲ್ಲಿ ಮಿತಿ 9 ಮಿಲಿಮೀಟರ್, ಎಷ್ಟೋ ಒಳಾಂಗಣಗಳಲ್ಲಿ 6 ಮಾತ್ರ. ಕಾಲ್ ರೂಮಿನಲ್ಲಿ ನೋಡುತ್ತಾರೆ. 6ರ ಒಂದು ಪೂರ್ತಿ ಸೆಟ್, ಬಿಚ್ಚುವ ಕೀಲಿ, ಎರಡೂ ಕೈಚೀಲದಲ್ಲೇ ಇರಲಿ. ಮಣ್ಣು ಕಚ್ಚಿಕೊಂಡ ಹಳೆಯ ಮೊಳೆ ಅಲ್ಲಿ ಬಿಚ್ಚಲು ಬರುವುದಿಲ್ಲ. ಊರಲ್ಲೇ ಬಿಚ್ಚಿ, ಒಂದು ಹನಿ ಎಣ್ಣೆ ಬಿಟ್ಟು ಹೊಸದನ್ನು ಹಾಕಿಕೊಂಡು ಹೊರಡಿ.